ಅಪ್ರಾಪ್ತರು ಮತ್ತು ಬಂದೂಕು (ಸೇಲಂ–ಧರ್ಮಪುರಿ ಸೀಮೆ)

ತಮಿಳುನಾಡಿನ ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳಲ್ಲಿ, ದೇಶದ ಉಳಿದೆಡೆಯಂತೆಯೇ, 21 ವರ್ಷ ತುಂಬದವರು ಬಂದೂಕನ್ನಾಗಲಿ ಮದ್ದುಗುಂಡನ್ನಾಗಲಿ ಸಂಪಾದಿಸುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ, ಹೊತ್ತು ನಡೆಯುವಂತಿಲ್ಲ. ಗಲಭೆ, ದೊಂಬಿ, ನಿಷೇಧಾಜ್ಞೆಯ ದಿನಗಳಲ್ಲಿ ಈ ಕಟ್ಟು ಸಡಿಲವಾಗುವುದಿಲ್ಲ, ಇನ್ನಷ್ಟು ಬಿಗಿಯಾಗುತ್ತದೆ. ಆದರೂ ಈ ಸೀಮೆಗೆ ಪ್ರತ್ಯೇಕ ಲೇಖನ ಬೇಕಾಗಿರುವುದಕ್ಕೆ ಎರಡು ಕಾರಣಗಳಿವೆ: ಬೆಟ್ಟದೂರುಗಳಲ್ಲಿ ತಲೆಮಾರುಗಳಿಂದ ಉಳಿದು ಬಂದಿರುವ ನಾಡಕೋವಿ, ಮತ್ತು 2002ರ ಊತ್ತಂಗರೈ ಪ್ರಕರಣ. ಧರ್ಮಪುರಿಯು ಸೇಲಂನಿಂದ 1965ರ ಅಕ್ಟೋಬರ್ 2ರಂದು ಬೇರೆಯಾಯಿತು. ಅದರಿಂದ ಕೃಷ್ಣಗಿರಿ ಒಡೆದದ್ದು 2004ರ ಫೆಬ್ರವರಿಯಲ್ಲಿ. ಹಳೆಯ ಘಟನೆಗಳ ಮಟ್ಟಿಗೆ ಇಲ್ಲಿ ಧರ್ಮಪುರಿ ಎಂದರೆ ಹೊಸೂರು, ಡೆಂಕಣಿಕೋಟೆ, ಅಂಚೆಟ್ಟಿಯ ಕನ್ನಡದ ಊರುಗಳೂ ಸೇರಿದ ಅವಿಭಜಿತ ಜಿಲ್ಲೆ.

ವಯಸ್ಸಿನ ನಿಯಮ

ಮೂಲ ಕಾನೂನು 1959ರ ಶಸ್ತ್ರಾಸ್ತ್ರ ಕಾಯ್ದೆ. ಅದು ಜಾರಿಗೆ ಬಂದದ್ದು 1962ರ ಅಕ್ಟೋಬರ್ 1ರಂದು. ಆಗ 9ನೇ ಕಲಮಿನಲ್ಲಿದ್ದ ವಯಸ್ಸು 16. ಹೀಗಾಗಿ ಸುಮಾರು ಎರಡು ದಶಕ ಕಾಲ ವಿಚಿತ್ರ ಸ್ಥಿತಿಯೊಂದಿತ್ತು: ಜಮೀನು ಮಾರಲು, ಕರಾರಿಗೆ ಸಹಿ ಹಾಕಲು ಅಪ್ರಾಪ್ತನೆನಿಸಿಕೊಂಡ 17ರ ಹುಡುಗನಿಗೆ ಕೋವಿಯ ಪರವಾನಗಿ ಕೇಳಲು ವಯಸ್ಸು ಅಡ್ಡಿಯಾಗುತ್ತಿರಲಿಲ್ಲ. 1983ರ ತಿದ್ದುಪಡಿ 16ನ್ನು 21ಕ್ಕೆ ಏರಿಸಿತು. ಈಗ ಸ್ಥಿತಿ ತಿರುವುಮುರುವು. ಮತ ಹಾಕುವ 19ರ ಯುವಕನೂ ಬಂದೂಕಿನ ವಿಷಯದಲ್ಲಿ ಅಪ್ರಾಪ್ತನಂತೆಯೇ.

ಈ ಕಲಮಿನ ಬಲವಿರುವುದು ಅದರ ಆರಂಭದ ಮಾತಿನಲ್ಲಿ: ಕಾಯ್ದೆಯ ಹಿಂದಿನ ಕಲಮುಗಳು ಏನೇ ಹೇಳಿದರೂ ಇದು ಅನ್ವಯಿಸುತ್ತದೆ. ಹಿಂದಿನ ಕಲಮುಗಳಲ್ಲಿ 3ನೆಯದು ಮುಖ್ಯ. ಪರವಾನಗಿ ಇಲ್ಲದವನೂ ಪರವಾನಗಿದಾರನ ಸಮ್ಮುಖದಲ್ಲಿ ಅಥವಾ ಅವನ ಲಿಖಿತ ಅನುಮತಿಯ ಮೇರೆಗೆ, ರಿಪೇರಿಗೆ, ಪರವಾನಗಿ ನವೀಕರಣಕ್ಕೆ, ಇಲ್ಲವೇ ಪರವಾನಗಿದಾರನದೇ ಬಳಕೆಗೆ ಬಂದೂಕನ್ನು ಒಯ್ಯಬಹುದು ಎಂದು ಅದು ಅವಕಾಶ ಕೊಡುತ್ತದೆ. ಅಪ್ಪನ ಕೋವಿಯನ್ನು ಮಗ ಹೊಲದ ತನಕ ಹೊತ್ತುಕೊಂಡು ಹೋದರೆ ತಪ್ಪೇನು ಎಂದು ಕೇಳುವವರು ಅರಿತೋ ಅರಿಯದೆಯೋ ನೆಚ್ಚುವುದು ಈ ಅವಕಾಶವನ್ನೇ. ಮಗನಿಗೆ 21 ತುಂಬಿದ್ದರೆ ತಪ್ಪಿಲ್ಲ. ತುಂಬಿಲ್ಲದಿದ್ದರೆ 9ನೇ ಕಲಮು ಆ ಅವಕಾಶವನ್ನು ಮುಚ್ಚಿಬಿಡುತ್ತದೆ, ಅಪ್ಪ ಪಕ್ಕದಲ್ಲೇ ನಡೆಯುತ್ತಿದ್ದರೂ. ಈ ವಿಷಯದ ಬಗ್ಗೆ ಹಳ್ಳಿಗಳಲ್ಲಿ ತಿಳಿಸಿ ಹೇಳಬೇಕಾದ ಒಂದೇ ಒಂದು ಮಾತಿದ್ದರೆ ಅದು ಇದು.

ಇಲ್ಲಿ ಮುಖ್ಯವಾದ ವಿನಾಯಿತಿಗಳು ಎರಡು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 12 ವರ್ಷ ದಾಟಿದವರು ಹಿರಿಯರ ನೇರ ಉಸ್ತುವಾರಿಯಲ್ಲಿ ಗುರಿ ಅಭ್ಯಾಸ ಮಾಡಬಹುದು. ಎನ್‌ಸಿಸಿ ಕೆಡೆಟ್‌ಗಳು ಕರ್ತವ್ಯದ ಅಂಗವಾಗಿ ಹಿಡಿಯುವ ರೈಫಲ್ಲಿಗೆ 45ನೇ ಕಲಮು ಕಾಯ್ದೆಯಿಂದ ಹೊರಗಿನ ಸ್ಥಾನ ಕೊಟ್ಟಿದೆ. ಗಲಭೆಯ ಬೀದಿಗೆ ಎರಡೂ ಅನ್ವಯಿಸುವುದಿಲ್ಲ.

ನಾಡಕೋವಿ

ತಮಿಳಿನಲ್ಲಿ ನಾಟ್ಟು ತುಪ್ಪಾಕ್ಕಿ, ನಮ್ಮ ಮಲೆನಾಡಿನವರ ಮಾತಿನಲ್ಲಿ ಕೇಪಿನ ಕೋವಿ. ತೋಟಾಕೋವಿಯಂತೆ ಇದನ್ನು ಹಿಂದಿನಿಂದ ಮಡಚಿ ತುಂಬುವುದಲ್ಲ. ಎಲ್ಲವೂ ನಳಿಗೆಯ ಬಾಯಿಂದಲೇ ಹೋಗಬೇಕು. ಮೊದಲು ಕರಿಮದ್ದು, ಅದರ ಮೇಲೆ ತೆಂಗಿನ ನಾರು ಅಥವಾ ಹಳೇ ಬಟ್ಟೆಯ ಉಂಡೆ, ಕಬ್ಬಿಣದ ಗಜದಿಂದ ನಾಲ್ಕಾರು ಗುದ್ದು. ಆಮೇಲೆ ಸೀಸದ ಚರೆ. ಅದಿಲ್ಲದ ಕಡೆ ಸೈಕಲ್ಲಿನ ಬಾಲ್ಸು. ಮತ್ತೆ ನಾರು, ಮತ್ತೆ ಗುದ್ದು. ಕೊನೆಗೆ ಕುದುರೆಯ ಕೆಳಗಿನ ಮೊಲೆಗೆ ಕೇಪು ಕೂರಿಸಿದರೆ ಕೋವಿ ಸಿದ್ಧ. ಮದ್ದು ಹೆಚ್ಚಾದರೆ, ನಾರು ಸರಿಯಾಗಿ ಇಳಿಯದಿದ್ದರೆ, ನಳಿಗೆ ಸೀಳಿ ಹಿಡಿದವನ ಕೈಯನ್ನೇ ಹಾರಿಸುತ್ತದೆ. ಒಂದು ಗುಂಡಿಗೆ ಇಷ್ಟೊಂದು ಕೆಲಸ ಇರುವುದರಿಂದಲೇ ಇದು ಒಬ್ಬನ ಆಯುಧವಾಗಿ ಉಳಿಯುವುದಿಲ್ಲ. ಹಿರಿಯ ಅಟ್ಟಣೆಯ ಮೇಲೆ ಕೂತರೆ ಮದ್ದಿನ ಬುರುಡೆ, ಚರೆಯ ಚೀಲ ಹಿಡಿದು ಟಾರ್ಚು ಬಿಡಲು ಇನ್ನೊಬ್ಬ ಬೇಕು. ಆ ಇನ್ನೊಬ್ಬ ಸಾಮಾನ್ಯವಾಗಿ ಮನೆಯ ಹುಡುಗ. 9ನೇ ಕಲಮು ಬಂದೂಕಿನ ಜೊತೆಗೆ ಮದ್ದುಗುಂಡನ್ನೂ ಹೆಸರಿಸಿರುವುದು ಇಲ್ಲಿ ಗಮನಾರ್ಹ.

ಕಾಯ್ದೆ ಈ ಕೋವಿಯನ್ನು ಮರೆತಿಲ್ಲ. ನಿಜವಾದ ಬೆಳೆ ರಕ್ಷಣೆಗಾಗಿ ಬಾಯಿಂದ ತುಂಬುವ ಕೋವಿಗೆ ಪರವಾನಗಿ ಕೊಡುವ ಮಾತು 13ನೇ ಕಲಮಿನಲ್ಲಿದೆ; ಆತ್ಮರಕ್ಷಣೆ, ಕ್ರೀಡೆಗಳಿಗೆ 20 ಅಂಗುಲಕ್ಕೆ ಕಡಿಮೆಯಿಲ್ಲದ ನಯನಳಿಗೆಯ ಬಂದೂಕು ಅದೇ ಸಾಲಿನಲ್ಲಿ ಬರುತ್ತದೆ. ಆದರೆ ಸೇರ್ವರಾಯನ್, ಸಿತ್ತೇರಿ, ಕಲ್ವರಾಯನ್ ಬೆಟ್ಟಗಳ ಮಲೆಯಾಳಿ ಬುಡಕಟ್ಟಿನವರ ಸಾಮೆ ಹೊಲಗಳಿಗೂ, ಪೆನ್ನಾಗರಂ ಕಡೆಯ ರಾಗಿ, ಕಡಲೆಕಾಯಿ ಹೊಲಗಳಿಗೂ ಕಾಡುಹಂದಿ ಇಳಿಯುವಷ್ಟು ಸುಲಭವಾಗಿ ಪರವಾನಗಿ ಇಳಿದು ಬರುವುದಿಲ್ಲ. ಹಾಗಾಗಿ ಪರವಾನಗಿ ಇಲ್ಲದ ಕೋವಿಗಳು ಉಳಿದುಕೊಂಡಿವೆ. ಪೊಲೀಸರು ಆಗಾಗ ಗಡುವು ಕೊಟ್ಟು, ತಾವಾಗಿ ಒಪ್ಪಿಸಿದವರ ಮೇಲೆ ಕೇಸು ಹಾಕುವುದಿಲ್ಲವೆಂದು ಸಾರಿದಾಗ ಹಳ್ಳಿಯವರು ಅವನ್ನು ತಂದಿಡುತ್ತಾರೆ. ಪರವಾನಗಿ ಇಲ್ಲದೆ ಸಿಕ್ಕಿಬಿದ್ದರೆ, 2019ರ ತಿದ್ದುಪಡಿಯ ನಂತರ, 2ರಿಂದ 5 ವರ್ಷ ಸಜೆ.

ಚಾರಿತ್ರಿಕ ಹಿನ್ನೆಲೆ

ಇದು ಬಾರಾಮಹಲ್. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಸೀಮೆ. ಅಲೆಕ್ಸಾಂಡರ್ ರೀಡ್ ಮತ್ತು ಅವನ ಸಹಾಯಕ ಥಾಮಸ್ ಮನ್ರೋ ಕಂದಾಯದ ಲೆಕ್ಕ ಬರೆದದ್ದು ಇಲ್ಲೇ. ಮೈಸೂರಿನ ಕಂದಾಚಾರ ಪದ್ಧತಿಯಲ್ಲಿ ಊರಿನ ಪ್ಯಾದೆಗಳು ಹೊಲ ಉಳುತ್ತಲೇ ಕೋವಿ ಹಿಡಿಯುತ್ತಿದ್ದರು. ಅಂಥ ವ್ಯವಸ್ಥೆಯಲ್ಲಿ ಶಸ್ತ್ರಕ್ಕೆ ವಯಸ್ಸಿನ ಲೆಕ್ಕ ಇದ್ದಿರಲಾರದು, ಮನೆತನದ ಲೆಕ್ಕ ಇದ್ದಿರಬೇಕು. ಕಂಪನಿ ಈ ಪ್ಯಾದೆಗಳನ್ನು ಕೈಬಿಟ್ಟಿತು. 1878ರ ಶಸ್ತ್ರಾಸ್ತ್ರ ಕಾಯ್ದೆ ಬ್ರಿಟಿಷ್ ಭಾರತದ ಜನರನ್ನು ಪರವಾನಗಿಯ ಅಡಿಗೆ ತಂದಿತು.

ಆ ಕಾಯ್ದೆ ಬಂದ ನಾಲ್ಕೇ ವರ್ಷಕ್ಕೆ, 1882ರ ಆಗಸ್ಟ್‌ನಲ್ಲಿ, ಸೇಲಂ ಪಟ್ಟಣದಲ್ಲಿ ಮಸೀದಿಯೊಂದರ ವಿವಾದದಿಂದ ಹಿಂದೂ–ಮುಸ್ಲಿಂ ಗಲಭೆ ಎದ್ದಿತು. ಗಲಭೆಗೆ ಕುಮ್ಮಕ್ಕು ಕೊಟ್ಟರೆಂದು ವಕೀಲ ಸಿ. ವಿಜಯರಾಘವಾಚಾರಿಯವರಿಗೆ ಶಿಕ್ಷೆಯಾಗಿ, ಹೈಕೋರ್ಟಿನಲ್ಲಿ ಬಿಡುಗಡೆಯಾಯಿತು. ಮುಂದೆ 1920ರ ನಾಗಪುರ ಕಾಂಗ್ರೆಸ್ ಅಧಿವೇಶನಕ್ಕೆ ಅವರೇ ಅಧ್ಯಕ್ಷರು.

ಇಪ್ಪತ್ತನೇ ಶತಮಾನದ ಕೊನೆಗೆ ಈ ಕಾಡುಗಳ ಕೋವಿ ಎಂದರೆ ಶ್ರೀಗಂಧದ ಕಳ್ಳಸಾಗಣೆದಾರ ವೀರಪ್ಪನ್ ಎನ್ನುವಂತಾಯಿತು. ಅವನು ಹುಟ್ಟಿದ ಗೋಪಿನಾಥಂ ಕರ್ನಾಟಕದ್ದು, ಸತ್ತದ್ದು 2004ರ ಅಕ್ಟೋಬರ್ 18ರಂದು ಧರ್ಮಪುರಿಯ ಪಾಪ್ಪಾರಪಟ್ಟಿಯ ಬಳಿ. ಹುಡುಗನಾಗಿದ್ದಾಗಲೇ ಆನೆ ಹೊಡೆದನೆಂಬ ಮಾತು ಜನಪ್ರಿಯ ಕಥನಗಳಲ್ಲಿದೆ. ಆಗಿನ ವಯಸ್ಸು ಮಾತ್ರ ಒಂದೊಂದರಲ್ಲಿ ಒಂದೊಂದು. ಶ್ರೀಗಂಧದ ಹೆಸರಿನಲ್ಲಿ ಅಮಾಯಕರೂ ತೆತ್ತ ಬೆಲೆಗೆ ವಾಚಾತ್ತಿಯೇ ಸಾಕ್ಷಿ. 1992ರ ಜೂನ್ 20ರಂದು ಅರಣ್ಯ, ಪೊಲೀಸ್, ಕಂದಾಯ ಇಲಾಖೆಯವರು ಆ ಮಲೆಯಾಳಿ ಊರಿಗೆ ನುಗ್ಗಿದ ಮೇಲೆ ಹೆಂಗಸರ ಜೊತೆ ಮಕ್ಕಳೂ ಸೆರೆಮನೆ ಸೇರಿದರು. 2011ರ ಸೆಪ್ಟೆಂಬರ್ 29ರಂದು ಆರೋಪಿಗಳೆಲ್ಲರೂ, ಒಟ್ಟು 269 ನೌಕರರು, ತಪ್ಪಿತಸ್ಥರೆಂದು ತೀರ್ಪಾಯಿತು. ಅಷ್ಟರಲ್ಲಿ ಅವರಲ್ಲಿ 54 ಮಂದಿ ತೀರಿಕೊಂಡಿದ್ದರು.

ಊತ್ತಂಗರೈ, 2002

2002ರ ನವೆಂಬರ್ 24ರಂದು ಆಗಿನ ಧರ್ಮಪುರಿ ಜಿಲ್ಲೆಯ ಊತ್ತಂಗರೈ ಬಳಿ ಪೊಲೀಸರ ಗುಂಡಿಗೆ ನಕ್ಸಲೀಯನೊಬ್ಬ ಬಲಿಯಾದ. ಯುವಕ ಯುವತಿಯರ ಬಂಧನವಾಯಿತು. ಶಸ್ತ್ರ ತರಬೇತಿ ನಡೆಯುತ್ತಿತ್ತೆಂಬುದು ಪೊಲೀಸರ ಆರೋಪ. ಎಲ್ಲರ ಮೇಲೂ ಭಯೋತ್ಪಾದನೆ ತಡೆ ಕಾಯ್ದೆ, ಅಂದರೆ ಪೋಟಾ, ಹೇರಲಾಯಿತು. ಹೀಗೆ ಸೆರೆಯಾದವರಲ್ಲಿ 18 ತುಂಬದವರೂ ಇದ್ದರು. ಭಯೋತ್ಪಾದನೆಯ ವಿಶೇಷ ಕಾನೂನು ಮೇಲೋ, ಬಾಲನ್ಯಾಯ ಕಾಯ್ದೆ ಮೇಲೋ ಎಂಬ ಪ್ರಶ್ನೆ ಮದ್ರಾಸ್ ಹೈಕೋರ್ಟಿನ ಮುಂದೆ ಬಂತು. ಬಾಲನ್ಯಾಯ ಕಾಯ್ದೆಯೇ ಮೇಲೆಂದು ನ್ಯಾಯಾಲಯ ಹೇಳಿತು. ಪೋಟಾ 2004ರಲ್ಲಿ ರದ್ದಾಯಿತು. ಆದರೆ ಆ ತತ್ವ ಈಗ 2015ರ ಬಾಲನ್ಯಾಯ ಕಾಯ್ದೆಯ 1(4)ರಲ್ಲಿ ಅಕ್ಷರಶಃ ಸೇರಿಕೊಂಡಿದೆ. ಈ ಸೀಮೆಯಿಂದ ದೇಶದ ಮಕ್ಕಳಿಗೆ ಸಿಕ್ಕ ದೊಡ್ಡ ರಕ್ಷಣೆ ಎಂದು ಇದನ್ನು ಎಣಿಸಬೇಕು.

ಗಲಭೆಯ ಸಂದರ್ಭ

ಗಲಭೆಯ ಸುಳಿವು ಸಿಕ್ಕರೆ ನಿಷೇಧಾಜ್ಞೆ ಹೊರಡುತ್ತದೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 144, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163. ಅಕ್ರಮ ಕೂಟದಲ್ಲಿ ಮಾರಕಾಯುಧ ಹಿಡಿದಿದ್ದರೆ, ಹಿಡಿದು ದೊಂಬಿ ನಡೆಸಿದರೆ, ಭಾರತೀಯ ನ್ಯಾಯ ಸಂಹಿತೆಯಡಿ ಬೇರೆ ಬೇರೆ ಅಪರಾಧ. ಶಸ್ತ್ರಾಸ್ತ್ರ ಕಾಯ್ದೆಯ 24-ಎ ಮತ್ತು 24-ಬಿ ಕಲಮುಗಳು ಅಧಿಕೃತವಾಗಿ ಪ್ರಕ್ಷುಬ್ಧವೆಂದು ಘೋಷಿತವಾದ ಪ್ರದೇಶಗಳಿಗೆ ಮಾತ್ರ. ಆತ್ಮರಕ್ಷಣೆಯ ಹಕ್ಕು ಮಕ್ಕಳಿಗೂ ಇದೆ. ಆದರೆ ಅದು ಹೊಡೆದ ಏಟಿಗೆ ಸಮರ್ಥನೆಯಾಗಬಹುದೇ ಹೊರತು ಕೋವಿ ಹಿಡಿದು ಮನೆಯಿಂದ ಹೊರಟದ್ದಕ್ಕಲ್ಲ.

ಹೋಲಿಕೆಗೆ ಹೊರದೇಶದ ಒಂದು ಪ್ರಸಂಗ ನೋಡಬಹುದು: ಅಮೆರಿಕದ ವಿಸ್ಕಾನ್ಸಿನ್‌ನ ಕೆನೋಷಾದಲ್ಲಿ 2020ರ ಆಗಸ್ಟ್ 25ರ ಗಲಭೆಯ ರಾತ್ರಿ 17ರ ಹುಡುಗನೊಬ್ಬ ರೈಫಲ್ ಹಿಡಿದು ಇಬ್ಬರನ್ನು ಕೊಂದ. ನಳಿಗೆಯ ಉದ್ದದ ಮೇಲೆ ನಿಂತ ಅಲ್ಲಿನ ವಿನಾಯಿತಿಯಿಂದಾಗಿ ಅಪ್ರಾಪ್ತನಾಗಿ ಶಸ್ತ್ರ ಹೊಂದಿದ್ದ ಆರೋಪ 2021ರ ನವೆಂಬರ್‌ನಲ್ಲಿ ಬಿದ್ದುಹೋಯಿತು. ಉಳಿದವುಗಳಲ್ಲಿ ಜ್ಯೂರಿ ಬಿಡುಗಡೆ ಮಾಡಿತು. ನಮ್ಮಲ್ಲಿ ನಳಿಗೆಯ ಅಳತೆ ಪರವಾನಗಿಯ ಬಗೆಯನ್ನು ತೀರ್ಮಾನಿಸುತ್ತದೆ, ವಯಸ್ಸಿನ ತಡೆಯನ್ನು ತೆಗೆಯುವುದಿಲ್ಲ. ಕೊಡಗಿನ ವಿನಾಯಿತಿಯನ್ನೂ ಇಲ್ಲಿಗೆ ಎಳೆಯುವಂತಿಲ್ಲ: ಅದು ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ಸಿಕ್ಕ ಬಿಡುವು. ಬಾರಾಮಹಲಿನ ಯಾವ ಸಮುದಾಯಕ್ಕೂ ಅಂಥದಿಲ್ಲ.

ಸಿಕ್ಕಿಬಿದ್ದ ಮಗುವಿನ ಗತಿ

18 ತುಂಬದವನ ವಿಚಾರಣೆ ಬಾಲನ್ಯಾಯ ಮಂಡಳಿಯಲ್ಲಿ. ಕನಿಷ್ಠ 7 ವರ್ಷ ಸಜೆಯಿರುವ ಘೋರ ಅಪರಾಧಗಳಲ್ಲಿ ಮಾತ್ರ 16 ದಾಟಿದವನನ್ನು ವಯಸ್ಕನಂತೆ ವಿಚಾರಿಸುವ ದಾರಿಯಿದೆ. ನಿಷೇಧಿತ ಸ್ವಯಂಚಾಲಿತ ಶಸ್ತ್ರಗಳು ಆ ಗುಂಪಿಗೆ ಬರುತ್ತವೆ. ಬರೀ ನಾಡಕೋವಿ ಹಿಡಿದದ್ದು ಬರುವುದಿಲ್ಲ. ಅವನ ಕೈಗೆ ಅದನ್ನು ಕೊಟ್ಟ ದೊಡ್ಡವರಿಗೆ ಕಷ್ಟ ಹೆಚ್ಚು: ಮಕ್ಕಳನ್ನು ಕಾನೂನುಬಾಹಿರ ಕೆಲಸಕ್ಕೆ ಬಳಸಿದರೆ ಬಾಲನ್ಯಾಯ ಕಾಯ್ದೆಯ 83ನೇ ಕಲಮಿನಡಿ 7 ವರ್ಷದ ತನಕ ಕಠಿಣ ಸಜೆ, 5 ಲಕ್ಷ ರೂಪಾಯಿ ದಂಡ. ಸಶಸ್ತ್ರ ಸಂಘರ್ಷದಲ್ಲಿ ಮಕ್ಕಳ ಬಳಕೆಯನ್ನು ತಡೆಯುವ ವಿಶ್ವಸಂಸ್ಥೆಯ ಐಚ್ಛಿಕ ಒಡಂಬಡಿಕೆಗೂ ಭಾರತ 2005ರಲ್ಲಿ ಅನುಮೋದನೆ ಕೊಟ್ಟಿದೆ.

ವಯಸ್ಸಿಗೆ ಮೊದಲ ಆಧಾರ ಶಾಲೆಯ ದಾಖಲೆ, ಅದಿಲ್ಲದಿದ್ದರೆ ಪಂಚಾಯತಿ ಅಥವಾ ನಗರಸಭೆಯ ಜನನ ಪತ್ರ. ಎರಡೂ ಇಲ್ಲದ ಬೆಟ್ಟದೂರಿನ ಹುಡುಗನಿಗೆ ಮಣಿಕಟ್ಟು, ಮೊಣಕೈಗಳ ಎಕ್ಸ್‌ರೇ ತೆಗೆದು ಮೂಳೆ ಕೂಡಿದೆಯೇ ನೋಡುತ್ತಾರೆ. ಈ ಪರೀಕ್ಷೆಯಲ್ಲಿ ಒಂದೆರಡು ವರ್ಷ ಆಚೀಚೆಯಾಗುವುದು ಸಾಮಾನ್ಯ.