ದತ್ತಾಂಶ ಕೇಂದ್ರದ ದಾಸ್ತಾನು ತಂತ್ರಾಂಶದಲ್ಲಿ ಸಮೂಹ ಶೇಖರಣಾ ವ್ಯವಸ್ಥೆಯ ನಮೂದು

1. ಪೀಠಿಕೆ

ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಜನನ-ಮರಣ ನೋಂದಣಿ ಮುಂತಾದ ಗಣಕೀಕೃತ ಸೇವೆಗಳ ದಾಖಲೆಗಳನ್ನು ದತ್ತಾಂಶ ಕೇಂದ್ರಗಳ ಶೇಖರಣಾ ಸಾಧನಗಳಲ್ಲಿ ಇರಿಸಲಾಗುತ್ತದೆ. ಯಾವ ಸಾಧನ ಎಲ್ಲಿದೆ, ಯಾವುದರೊಡನೆ ಜೋಡಣೆಗೊಂಡಿದೆ ಎಂಬ ವಿವರಗಳನ್ನು ಒಳಗೊಂಡ ಗಣಕೀಕೃತ ವಹಿಯೇ ದಾಸ್ತಾನು ತಂತ್ರಾಂಶ. ಹಲವು ಸಾಧನಗಳು ಕೂಡಿ ಒಂದಾಗಿ ಕಾರ್ಯನಿರ್ವಹಿಸುವ ಸಮೂಹ ಶೇಖರಣಾ ವ್ಯವಸ್ಥೆಯನ್ನು, ಅಂದರೆ ಕ್ಲಸ್ಟರ್ ಅನ್ನು, ಈ ವಹಿಯಲ್ಲಿ ನಮೂದಿಸುವ ಕ್ರಮವನ್ನೂ, ನಮೂದು ತಪ್ಪಿದಲ್ಲಿ ಸೇವೆಗೆ ಒದಗುವ ಅಡಚಣೆಯನ್ನೂ ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ. ಉದಾಹರಣೆಗಾಗಿ ಎರಡು ಮುಕ್ತ ತಂತ್ರಾಂಶಗಳನ್ನು ಆಯ್ದುಕೊಳ್ಳಲಾಗಿದೆ: ದಾಸ್ತಾನಿಗೆ 2016ರಲ್ಲಿ ಸಾರ್ವಜನಿಕ ಬಳಕೆಗೆ ಬಂದ ನೆಟ್‌ಬಾಕ್ಸ್, ಶೇಖರಣೆಗೆ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಕ್ರೂಜ್ ಶಾಖೆಯಲ್ಲಿ ಸೇಜ್ ವೈಲ್ ಅವರ ಸಂಶೋಧನೆಯಿಂದ ರೂಪುಗೊಂಡ ಸೆಫ್.

2. ಸಮೂಹ ವ್ಯವಸ್ಥೆಯ ಸ್ವರೂಪ

ಒಂದೇ ಯಂತ್ರದಲ್ಲಿ ದಾಖಲೆಗಳನ್ನಿರಿಸಿದರೆ ಆ ಯಂತ್ರ ಕೆಟ್ಟ ದಿನ ಸೇವೆ ನಿಲ್ಲುತ್ತದೆ. ಆದುದರಿಂದ ಸೆಫ್‌ನಂತಹ ವ್ಯವಸ್ಥೆಯಲ್ಲಿ ದಾಖಲೆಯ ಪ್ರತಿಗಳನ್ನು ಬೇರೆ ಬೇರೆ ಸರ್ವರ್‌ಗಳಲ್ಲಿ ಇರಿಸಲಾಗುತ್ತದೆ. ಪ್ರತಿಗಳ ರೂಢಿಗತ ಸಂಖ್ಯೆ 3. ಇವುಗಳಲ್ಲಿ ಕನಿಷ್ಠ 2 ಪ್ರತಿಗಳು ಲಭ್ಯವಿದ್ದರೆ ಮಾತ್ರ ಓದು ಮತ್ತು ಬರಹ ನಡೆಯುತ್ತದೆ. ಸಮೂಹದ ಸ್ಥಿತಿಯನ್ನು ನಿಗಾ ವಹಿಸುವ ಮಾನಿಟರ್‌ಗಳಲ್ಲಿಯೂ ಬಹುಮತ ಇರತಕ್ಕದ್ದು: 3 ಮಾನಿಟರ್‌ಗಳಿದ್ದಲ್ಲಿ 2, 5 ಇದ್ದಲ್ಲಿ 3.

3. ನಮೂದಿನ ತೊಡಕು

ಸೇವೆಯ ದೃಷ್ಟಿಯಿಂದ ಸಮೂಹವು ಒಂದು. ದಾಸ್ತಾನಿನ ದೃಷ್ಟಿಯಿಂದ ಅದು ಹಲವು. ಒಂದೇ ವಸ್ತುವೆಂದು ನಮೂದಿಸಿದರೆ ಕೆಟ್ಟ ಸರ್ವರ್ ಯಾವ ರ‍್ಯಾಕ್‌ನಲ್ಲಿದೆ, ಅದರ ಖಾತರಿ ಅವಧಿ ಎಂದಿಗೆ ಮುಗಿಯುತ್ತದೆ ಎಂಬುದು ತಿಳಿಯದು. ಬಿಡಿ ಸರ್ವರ್‌ಗಳೆಂದಷ್ಟೇ ನಮೂದಿಸಿದರೆ ಯಾವ ಸರ್ವರ್ ಆರಿಸಿದರೆ ಯಾವ ಸೇವೆಗೆ ಧಕ್ಕೆ ಎಂಬುದು ತಿಳಿಯದು. ಒಂದೇ ಸರ್ವೆ ನಂಬರಿನಲ್ಲಿ ಹಲವು ಹಿಸ್ಸೆಗಳಿರುವಾಗ ಸರ್ವೆ ನಂಬರನ್ನೂ ಬಿಡದೆ, ಹಿಸ್ಸೆಯನ್ನೂ ಬಿಡದೆ ದಾಖಲಿಸುವಂತೆಯೇ ಇಲ್ಲಿಯೂ ಎರಡೂ ಇರಬೇಕಾಗುತ್ತದೆ.

4. ನಮೂದಿಸುವ ಕ್ರಮ

(ಅ) ಪ್ರತಿ ಸರ್ವರ್ ಅನ್ನು ಪ್ರತ್ಯೇಕ ಸಾಧನವಾಗಿ, ಅದರ ಕ್ರಮಸಂಖ್ಯೆ, ಆಸ್ತಿ ಸಂಖ್ಯೆ, ರ‍್ಯಾಕ್ ಮತ್ತು ರ‍್ಯಾಕ್‌ನಲ್ಲಿನ ಸ್ಥಾನದೊಂದಿಗೆ ನಮೂದಿಸತಕ್ಕದ್ದು. ರ‍್ಯಾಕ್‌ನ ಎತ್ತರವನ್ನು 44.45 ಮಿ.ಮೀ. ಅಳತೆಯ ಯೂನಿಟ್‌ಗಳಲ್ಲಿ ಎಣಿಸಲಾಗುತ್ತದೆ.

(ಆ) ಸಮೂಹವನ್ನು ಪ್ರತ್ಯೇಕ ಹೆಸರಿನ ಕ್ಲಸ್ಟರ್ ಆಗಿ ಸೃಜಿಸಿ, ಸರ್ವರ್‌ಗಳನ್ನು ಅದರ ಸದಸ್ಯರನ್ನಾಗಿ ಸೇರಿಸತಕ್ಕದ್ದು. ನೆಟ್‌ಬಾಕ್ಸ್‌ನಲ್ಲಿರುವ ವರ್ಚುವಲ್ ಚಾಸಿಸ್ ಎಂಬ ಸೌಲಭ್ಯವು ಒಂದೇ ನಿಯಂತ್ರಣದಡಿ ನಡೆಯುವ ಸ್ವಿಚ್‌ಗಳಂತಹ ಸಾಧನಗಳಿಗೆ ಉದ್ದೇಶಿತವಾದುದು. ಪ್ರತಿ ಸರ್ವರ್ ಸ್ವತಂತ್ರವಾಗಿ ನಡೆಯುವ ಶೇಖರಣಾ ಸಮೂಹಕ್ಕೆ ಅದು ಹೊಂದುವುದಿಲ್ಲ.

(ಇ) ಒಂದೇ ಪೆಟ್ಟಿಗೆಯಲ್ಲಿ 2 ಕಂಟ್ರೋಲರ್‌ಗಳಿರುವ ಶೇಖರಣಾ ಸಾಧನವಾದಲ್ಲಿ ಪೆಟ್ಟಿಗೆಯನ್ನು ಮೂಲ ಸಾಧನವಾಗಿಯೂ, ಕಂಟ್ರೋಲರ್‌ಗಳನ್ನು ಅದರ ಒಳ ಸಾಧನಗಳಾಗಿಯೂ ನಮೂದಿಸಬಹುದು. ಒಳ ಸಾಧನದ ಎತ್ತರವನ್ನು ಸೊನ್ನೆ ಎಂದು ತೋರಿಸುವುದರಿಂದ ರ‍್ಯಾಕ್‌ನ ಜಾಗ ಎರಡು ಬಾರಿ ಲೆಕ್ಕಕ್ಕೆ ಬರುವುದಿಲ್ಲ. ಪ್ರತ್ಯೇಕ ಜಾಗ ಪಡೆಯುವ ಡಿಸ್ಕ್ ಶೆಲ್ಫ್‌ಗಳಿಗೆ ಪ್ರತ್ಯೇಕ ನಮೂದು ಇರತಕ್ಕದ್ದು.

(ಈ) ಪ್ರತಿ ಸಾಧನಕ್ಕೆ ವಿದ್ಯುತ್ ಯಾವ ಮಾರ್ಗದಿಂದ ಬರುತ್ತದೆ ಎಂಬುದನ್ನು ಕೇಬಲ್ ಸಹಿತ ದಾಖಲಿಸತಕ್ಕದ್ದು.

5. ಸ್ಥಳ ಬದಲಾವಣೆಯ ದಾಖಲೆ

ನಮೂದುಗಳಲ್ಲೆಲ್ಲ ಅತ್ಯಂತ ಮುಖ್ಯವಾದುದು ಸ್ಥಳ. ಸೆಫ್ ತನ್ನ ಪ್ರತಿಗಳನ್ನು ಕ್ರಶ್ ಎಂಬ ನಕ್ಷೆಯ ಆಧಾರದ ಮೇಲೆ ಹಂಚುತ್ತದೆ. ಡಿಸ್ಕ್, ಸರ್ವರ್, ರ‍್ಯಾಕ್, ಕೊಠಡಿ ಎಂಬ ಶ್ರೇಣಿಗಳು ಆ ನಕ್ಷೆಯಲ್ಲಿರುತ್ತವೆ. ರೂಢಿಗತ ನಿಯಮದಂತೆ 3 ಪ್ರತಿಗಳು 3 ಬೇರೆ ಸರ್ವರ್‌ಗಳಲ್ಲಿರುತ್ತವೆ. ರ‍್ಯಾಕ್‌ಗೊಂದು ಪ್ರತಿ ಎಂಬ ನಿಯಮವನ್ನೂ ವಿಧಿಸಬಹುದು. ಆದರೆ ಸರ್ವರ್ ಯಾವ ರ‍್ಯಾಕ್‌ನಲ್ಲಿದೆ ಎಂಬುದು ವ್ಯವಸ್ಥೆಗೆ ತಾನಾಗಿ ತಿಳಿಯುವುದಿಲ್ಲ. ಸಿಬ್ಬಂದಿ ತಿಳಿಸಿದ್ದನ್ನೇ ಅದು ನಂಬುತ್ತದೆ.

ಉದಾಹರಣೆಗೆ, ದುರಸ್ತಿಯ ಸಲುವಾಗಿ 3ನೇ ರ‍್ಯಾಕ್‌ನ ಒಂದು ಸರ್ವರ್ ಅನ್ನು 1ನೇ ರ‍್ಯಾಕ್‌ಗೆ ವರ್ಗಾಯಿಸಲಾಗಿದೆ, ಆದರೆ ವಹಿಯಲ್ಲಾಗಲಿ ನಕ್ಷೆಯಲ್ಲಾಗಲಿ ಬದಲಾವಣೆ ಮಾಡಿಲ್ಲ ಎಂದು ಭಾವಿಸೋಣ. ಆಗ ಕೆಲವು ದಾಖಲೆಗಳ 2 ಪ್ರತಿಗಳು 1ನೇ ರ‍್ಯಾಕ್‌ನಲ್ಲಿಯೇ ಸೇರಿರುತ್ತವೆ. ಕಾಗದದ ಮೇಲೆ ಎಲ್ಲವೂ ಕ್ರಮಬದ್ಧ. 1ನೇ ರ‍್ಯಾಕ್‌ಗೆ ವಿದ್ಯುತ್ ತಪ್ಪಿದ ದಿನ ಆ ದಾಖಲೆಗಳಿಗೆ ಉಳಿಯುವುದು 1 ಪ್ರತಿ ಮಾತ್ರ. ದಾಖಲೆ ನಾಶವಾಗಿರುವುದಿಲ್ಲ, ಆದರೆ ಎರಡನೆಯ ಪ್ರತಿ ದೊರೆಯುವವರೆಗೆ ವ್ಯವಸ್ಥೆಯು ಓದು-ಬರಹವನ್ನು ತಡೆಹಿಡಿಯುತ್ತದೆ. ಕೌಂಟರಿನ ಮುಂದೆ ನಿಂತ ಅರ್ಜಿದಾರರಿಗೆ ದೊರೆಯುವ ಉತ್ತರ "ಸರ್ವರ್ ಇಲ್ಲ" ಎಂಬುದು.

ಆದುದರಿಂದ ಸಾಧನವನ್ನು ಸ್ಥಳಾಂತರಿಸಿದ ದಿನವೇ ವಹಿ ಮತ್ತು ನಕ್ಷೆ ಎರಡನ್ನೂ ತಿದ್ದುವುದು, ನಿಗದಿತ ಅವಧಿಗೊಮ್ಮೆ ವಹಿ, ನಕ್ಷೆ ಹಾಗೂ ಸ್ಥಳದಲ್ಲಿನ ವಾಸ್ತವ ಸ್ಥಿತಿಯನ್ನು ತಾಳೆ ನೋಡುವುದು ಅವಶ್ಯಕ.

6. ಸಾಮರ್ಥ್ಯದ ಲೆಕ್ಕ

ಖರೀದಿಸಿದ ಸಾಮರ್ಥ್ಯವೂ ಬಳಕೆಗೆ ದೊರೆಯುವ ಸಾಮರ್ಥ್ಯವೂ ಒಂದೇ ಅಲ್ಲ. ತಲಾ 8 ಟೆರಾಬೈಟ್‌ನ 10 ಡಿಸ್ಕ್‌ಗಳುಳ್ಳ 12 ಸರ್ವರ್‌ಗಳ ಒಟ್ಟು ಸಾಮರ್ಥ್ಯ 960 ಟೆರಾಬೈಟ್. 3 ಪ್ರತಿಗಳನ್ನಿರಿಸಿದಾಗ ಅದು 320ಕ್ಕೆ ಇಳಿಯುತ್ತದೆ. ಸೆಫ್‌ನ ರೂಢಿಗತ ಮಿತಿಯಂತೆ ಡಿಸ್ಕ್ ಶೇ. 85 ತುಂಬಿದಾಗ ಎಚ್ಚರಿಕೆ ಬರುತ್ತದೆ, ಶೇ. 95 ತುಂಬಿದಾಗ ಬರಹ ನಿಲ್ಲುತ್ತದೆ. ಹೀಗಾಗಿ ನಿಶ್ಚಿಂತೆಯಿಂದ ಬಳಸಬಹುದಾದದ್ದು ಹೆಚ್ಚೆಂದರೆ 272 ಟೆರಾಬೈಟ್. ವಹಿಯಲ್ಲಿ ಎರಡೂ ಅಂಕಿಗಳನ್ನು ಪ್ರತ್ಯೇಕವಾಗಿ ತೋರಿಸತಕ್ಕದ್ದು. ಮೊದಲನೆಯದನ್ನಷ್ಟೇ ತೋರಿಸಿದರೆ ಹೊಸ ಖರೀದಿಯ ಪ್ರಸ್ತಾವನೆ ತಡವಾಗುವ ಸಂಭವವಿದೆ.

7. ಅರ್ಜಿದಾರರ ಗಮನಕ್ಕೆ

(ಅ) ಸೇವೆ ತಾತ್ಕಾಲಿಕವಾಗಿ ಸ್ಥಗಿತಗೊಂಡ ಮಾತ್ರಕ್ಕೆ ದಾಖಲೆ ಕಳೆದುಹೋಗಿದೆ ಎಂದು ಭಾವಿಸಬೇಕಾಗಿಲ್ಲ.

(ಆ) ಅರ್ಜಿ ಸಲ್ಲಿಸಿದಾಗ ನೀಡಲಾಗುವ ಸ್ವೀಕೃತಿ ಪತ್ರವನ್ನು ಜೋಪಾನವಾಗಿ ಇಟ್ಟುಕೊಳ್ಳುವುದು. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಗೆ ಬರುವ ಸೇವೆಗಳಲ್ಲಿ 15 ಅಂಕಿಗಳ ಜಿ.ಎಸ್.ಸಿ. ಸಂಖ್ಯೆಯಿಂದ ಅರ್ಜಿಯ ಸ್ಥಿತಿಯನ್ನು ತಿಳಿಯಬಹುದು.

(ಇ) ಶುಲ್ಕ ಪಾವತಿಯಾಗಿ ಸ್ವೀಕೃತಿ ಬಾರದಿದ್ದಲ್ಲಿ, ಪಾವತಿಯ ಸಂಖ್ಯೆ ಮತ್ತು ದಿನಾಂಕವನ್ನು ಬರೆದಿಟ್ಟುಕೊಂಡು, ಅರ್ಜಿಯ ಸ್ಥಿತಿಯನ್ನು ಪರಿಶೀಲಿಸಿದ ನಂತರವೇ ಮತ್ತೊಮ್ಮೆ ಪಾವತಿಸುವುದು.