ಮಧ್ಯಮ ಉದ್ಯಮಗಳ ಸೈಬರ್ ಭದ್ರತೆ

ಮಧ್ಯಮ ಗಾತ್ರದ ಉದ್ಯಮವೊಂದು ತನ್ನ ಕಂಪ್ಯೂಟರು, ಜಾಲ, ದತ್ತಾಂಶ, ಬ್ಯಾಂಕ್ ವ್ಯವಹಾರ ಮತ್ತು ಯಂತ್ರಗಳನ್ನು ಕಳವು, ವಂಚನೆ, ನಾಶ ಹಾಗೂ ಸುಲಿಗೆಯಿಂದ ಕಾಪಾಡಿಕೊಳ್ಳಲು ಕೈಗೊಳ್ಳುವ ಕ್ರಮಗಳ ಒಟ್ಟು ವ್ಯವಸ್ಥೆ. ಭಾರತದಲ್ಲಿ 2025ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ವ್ಯಾಖ್ಯೆಯಂತೆ, ಸಣ್ಣ ಉದ್ಯಮದ ಮಿತಿಯನ್ನು (25 ಕೋಟಿ ರೂಪಾಯಿ ಹೂಡಿಕೆ, 100 ಕೋಟಿ ವಹಿವಾಟು) ದಾಟಿದ, ಆದರೆ ಯಂತ್ರೋಪಕರಣಗಳ ಮೇಲಿನ ಹೂಡಿಕೆ 125 ಕೋಟಿಯನ್ನೂ ವಾರ್ಷಿಕ ವಹಿವಾಟು 500 ಕೋಟಿಯನ್ನೂ ಮೀರದ ಸಂಸ್ಥೆ ಮಧ್ಯಮ ಉದ್ಯಮ. ಬೆಂಗಳೂರಿನ ಪೀಣ್ಯದಲ್ಲಿ ಬಿಡಿಭಾಗ ತಯಾರಿಸುವ ಕಾರ್ಖಾನೆ, ಬೆಳಗಾವಿಯ ಫೌಂಡ್ರಿ, ಜಿಲ್ಲಾ ಕೇಂದ್ರದ ಆಸ್ಪತ್ರೆ, ಗಾರ್ಮೆಂಟ್ಸ್ ಘಟಕ, ಲಾರಿ ಸಾಗಣೆ ಕಂಪನಿ ಇವೆಲ್ಲ ಬೆಳೆಯುತ್ತ ಈ ವರ್ಗಕ್ಕೆ ಬಂದು ಸೇರುತ್ತವೆ.

ಬೆಳವಣಿಗೆಯೊಡನೆ ಬರುವ ಅಪಾಯ

ಇಪ್ಪತ್ತು ಜನರ ಕಾರ್ಖಾನೆಯಲ್ಲಿ ಮಾಲೀಕರಿಗೆ ಎಲ್ಲರ ಮುಖ ಗೊತ್ತು. ಲೆಕ್ಕ ನೋಡುವವರು ಎದುರಿನ ಮೇಜಿನಲ್ಲೇ ಕೂತಿರುತ್ತಾರೆ. ಯಾರಿಗೆ ಎಷ್ಟು ಹಣ ಹೋಗಬೇಕೆಂಬುದು ಬಾಯಿಮಾತಿನಲ್ಲೇ ತೀರ್ಮಾನವಾಗುತ್ತದೆ. ಅದೇ ಸಂಸ್ಥೆ ಇನ್ನೂರು ಜನಕ್ಕೆ ಬೆಳೆದಾಗ ಎರಡನೆಯ ಘಟಕ ಬರುತ್ತದೆ, ಇಆರ್‌ಪಿ ತಂತ್ರಾಂಶ ಬರುತ್ತದೆ, ಮನೆಯಿಂದ ಲೆಕ್ಕ ಬರೆಯುವವರ ಅನುಕೂಲಕ್ಕೆಂದು ಲೆಕ್ಕದ ತಂತ್ರಾಂಶ ಟ್ಯಾಲಿ ಇರುವ ಸರ್ವರನ್ನು ರಿಮೋಟ್ ಡೆಸ್ಕ್‌ಟಾಪ್ ಮೂಲಕ ಇಂಟರ್ನೆಟ್ಟಿಗೆ ತೆರೆದಿಡಲಾಗುತ್ತದೆ. ಕೆಲಸ ಬಿಟ್ಟುಹೋದವರ ಲಾಗಿನ್‌ಗಳು ಹಾಗೇ ಉಳಿದಿರುತ್ತವೆ. ವ್ಯವಹಾರ ಹತ್ತುಪಟ್ಟು ದೊಡ್ಡದಾದರೂ ನಂಬಿಕೆಯ ರೀತಿ ಮಾತ್ರ ಇಪ್ಪತ್ತು ಜನರ ಕಾಲದ್ದೇ ಆಗಿರುತ್ತದೆ. ಮಧ್ಯಮ ಉದ್ಯಮದ ಮುಖ್ಯ ದೌರ್ಬಲ್ಯ ಈ ಅಂತರದಲ್ಲೇ ಇದೆ. ದೊಡ್ಡ ಕಂಪನಿಗೆ ಭದ್ರತಾ ಅಧಿಕಾರಿ, ಹಗಲಿರುಳು ಜಾಲ ಕಾಯುವ ತಂಡ ಇರುತ್ತದೆ. ಮಧ್ಯಮ ಉದ್ಯಮದ ಖಾತೆಯಲ್ಲಿ ದೋಚಲು ತಕ್ಕಷ್ಟು ಹಣವಿದ್ದರೂ ಅದನ್ನು ಕಾಯಲು ಇರುವುದು ಒಬ್ಬ ಸಿಸ್ಟಮ್ ಅಡ್ಮಿನ್, ಜೊತೆಗೆ ವಾರ್ಷಿಕ ಕರಾರಿನ ಮೇಲೆ ಬಂದುಹೋಗುವ ಒಂದು ಏಜೆನ್ಸಿ.

‘ನಮ್ಮಂಥವರ ಮೇಲೆ ಯಾರು ದಾಳಿ ಮಾಡುತ್ತಾರೆ’ ಎಂಬ ಸಮಾಧಾನಕ್ಕೆ ಆಧಾರವಿಲ್ಲ. ಬಹುಪಾಲು ದಾಳಿಗಳು ಊರು, ಹೆಸರು ನೋಡಿ ನಡೆಯುವುದಿಲ್ಲ. ತೆರೆದ ಬಾಗಿಲುಗಳನ್ನು ಹುಡುಕುವ ತಂತ್ರಾಂಶಗಳು ಇಡೀ ಇಂಟರ್ನೆಟ್ಟನ್ನು ಸದಾ ತಡಕಾಡುತ್ತಿರುತ್ತವೆ. 2017ರ ಮೇ 12ರಂದು ಹರಡಿದ ವಾನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಸುಮಾರು 150 ದೇಶಗಳ ಕಂಪ್ಯೂಟರುಗಳನ್ನು ಹಿಡಿಯಿತು. ಅದು ಬಳಸಿಕೊಂಡ ವಿಂಡೋಸ್ ದೋಷಕ್ಕೆ ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ, ಮಾರ್ಚ್ 14ರಂದು, ತಿದ್ದುಪಡಿ ಕೊಟ್ಟಿತ್ತು. ಸಕಾಲದಲ್ಲಿ ಅಪ್‌ಡೇಟ್ ಮಾಡದವರು ಸಿಕ್ಕಿಬಿದ್ದರು.

ಇನ್ನು ಕೆಲವೊಮ್ಮೆ ಸಣ್ಣವರ ಮೂಲಕ ದೊಡ್ಡವರನ್ನು ತಲುಪಲಾಗುತ್ತದೆ. ಅಮೆರಿಕದ ಟಾರ್ಗೆಟ್ ಮಳಿಗೆಗಳಿಂದ 2013ರಲ್ಲಿ ಸುಮಾರು 4 ಕೋಟಿ ಗ್ರಾಹಕರ ಕಾರ್ಡ್ ವಿವರ ಕಳವಾಯಿತು. ಕಳ್ಳರು ಒಳಹೊಕ್ಕಿದ್ದು ಪೆನ್ಸಿಲ್ವೇನಿಯಾದ ಒಂದು ಶೈತ್ಯೀಕರಣ ಗುತ್ತಿಗೆ ಸಂಸ್ಥೆಯಿಂದ ಕದ್ದ ಪಾಸ್‌ವರ್ಡ್ ಹಿಡಿದುಕೊಂಡು. ವಾಹನ, ವಿಮಾನ, ಔಷಧ ಕಂಪನಿಗಳಿಗೆ ಬಿಡಿಭಾಗ ಅಥವಾ ಸೇವೆ ಒದಗಿಸುವ ಕರ್ನಾಟಕದ ಘಟಕಗಳಿಗೂ ಇದೇ ಸ್ಥಾನವಿದೆ. ಆರ್ಡರ್ ಕೊಡುವ ಮುನ್ನ ದೊಡ್ಡ ಖರೀದಿದಾರರು ಮಾಹಿತಿ ಭದ್ರತೆಯ ಐಎಸ್‌ಒ 27001 ಪ್ರಮಾಣಪತ್ರವನ್ನೋ ಭದ್ರತಾ ಪ್ರಶ್ನಾವಳಿಗೆ ಉತ್ತರವನ್ನೋ ಕೇಳುವುದು ಈ ಕಾರಣಕ್ಕೆ.

ಬಿಲ್ ವಂಚನೆ

ಸದ್ದಿಲ್ಲದೆ ಅತಿ ಹೆಚ್ಚು ಹಣ ಕಬಳಿಸುವ ಬಗೆಗಳಲ್ಲಿ ಇದೂ ಒಂದು. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐಗೆ 2023ರಲ್ಲಿ ಬಂದ ದೂರುಗಳ ಪ್ರಕಾರ ಇಮೇಲ್ ಮೂಲಕದ ವ್ಯಾಪಾರ ವಂಚನೆಯಿಂದಾದ ನಷ್ಟ ಸುಮಾರು 290 ಕೋಟಿ ಡಾಲರ್. ಇದರಲ್ಲಿ ವೈರಸ್ಸೇ ಬೇಕಾಗಿಲ್ಲ. ಕಳ್ಳ ಮೊದಲು ಯಾರದಾದರೂ ಒಬ್ಬರ ಇಮೇಲ್ ಪಾಸ್‌ವರ್ಡ್ ಗಿಟ್ಟಿಸಿ, ವಾರಗಟ್ಟಲೆ ಸುಮ್ಮನೆ ಓದುತ್ತಾನೆ. ಯಾವ ಸರಬರಾಜುದಾರರಿಗೆ ಎಷ್ಟು ಬಾಕಿ, ಯಾರು ಮಂಜೂರು ಮಾಡುತ್ತಾರೆ, ಪತ್ರದ ಒಕ್ಕಣೆ ಹೇಗಿರುತ್ತದೆ ಎಂದು ತಿಳಿದುಕೊಳ್ಳುತ್ತಾನೆ. ಬಿಲ್ ಪಾವತಿಯ ಗಡುವು ಹತ್ತಿರವಾದಾಗ, ನಡೆಯುತ್ತಿರುವ ಪತ್ರವ್ಯವಹಾರಕ್ಕೇ ಉತ್ತರವೆಂಬಂತೆ ಒಂದು ಮೇಲ್ ಬರುತ್ತದೆ: ಆಡಿಟ್ ನಡೆಯುತ್ತಿರುವುದರಿಂದ ಹಳೆಯ ಖಾತೆ ತಾತ್ಕಾಲಿಕವಾಗಿ ನಿಂತಿದೆ, ಈ ಬಾರಿಯ ಹಣ ಹೊಸ ಖಾತೆಗೆ ಹಾಕಿ. ಲಗತ್ತಿಸಿದ ಬಿಲ್ಲಿನಲ್ಲಿ ಲಾಂಛನ, ಜಿಎಸ್‌ಟಿ ಸಂಖ್ಯೆ, ಮೊತ್ತ ಎಲ್ಲವೂ ಸರಿ ಇರುತ್ತವೆ. ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಕೋಡ್ ಮಾತ್ರ ಬೇರೆ. ಕಳುಹಿಸಿದ ವಿಳಾಸದಲ್ಲಿ ಇಂಗ್ಲಿಷಿನ ಎಮ್ ಅಕ್ಷರದ ಜಾಗಕ್ಕೆ ಆರ್ ಮತ್ತು ಎನ್ ಅನ್ನು ಒತ್ತಿ ಕೂರಿಸಲಾಗಿರುತ್ತದೆ. ಶುಕ್ರವಾರ ಸಂಜೆ, ಹತ್ತಾರು ಪಾವತಿಗಳ ನಡುವೆ, ಲೆಕ್ಕ ವಿಭಾಗದವರ ಕಣ್ಣಿಗೆ ಅದು ಬೀಳದೆ ಹೋದರೆ ಅವರನ್ನು ದೂರುವುದು ನ್ಯಾಯವಲ್ಲ. ಒಬ್ಬರ ಕಣ್ಣಿನ ಮೇಲೆ ಅಷ್ಟು ದೊಡ್ಡ ಮೊತ್ತದ ಭಾರ ಹಾಕಿದ ಪದ್ಧತಿಯದೇ ತಪ್ಪು.

ಪರಿಹಾರಕ್ಕೆ ಹೆಚ್ಚು ಖರ್ಚಿಲ್ಲ. ಬ್ಯಾಂಕ್ ಖಾತೆ ಬದಲಾವಣೆಯ ಯಾವ ಕೋರಿಕೆ ಬಂದರೂ, ಮೇಲ್‌ನಲ್ಲಿರುವ ಸಂಖ್ಯೆಯನ್ನು ಬಿಟ್ಟು, ಮೊದಲಿಂದ ತಮ್ಮ ಬಳಿ ಇರುವ ಸಂಖ್ಯೆಗೆ ಕರೆ ಮಾಡಿ ಕೇಳಬೇಕು. ನಿಗದಿತ ಮೊತ್ತ ಮೀರಿದ ಪಾವತಿಗೆ ಇಬ್ಬರ ಒಪ್ಪಿಗೆ ಬೇಕು. ಮಾಲೀಕರೇ ವಾಟ್ಸಾಪ್‌ನಲ್ಲಿ ‘ಅರ್ಜೆಂಟ್, ಈಗಲೇ ಹಾಕಿ’ ಎಂದರೂ ಈ ನಿಯಮ ಸಡಿಲಬಾರದು, ಏಕೆಂದರೆ ವಂಚಕರು ಬಳಸುವುದು ಅದೇ ಮಾತನ್ನು.

ಸುಲಿಗೆ ತಂತ್ರಾಂಶ

ರ‍್ಯಾನ್ಸಮ್‌ವೇರ್ ಎಂದು ಕರೆಯಲಾಗುವ ಇದು ಕಡತಗಳನ್ನೆಲ್ಲ ಗೂಢಲಿಪಿಗೆ ತಿರುಗಿಸಿ, ಬಿಡಿಸುವ ಕೀಲಿಗೆ ಹಣ ಕೇಳುತ್ತದೆ. 2019ರ ಕೊನೆಯಿಂದ ಇದಕ್ಕೆ ಇನ್ನೊಂದು ಒತ್ತಡ ಸೇರಿತು: ಮೊದಲೇ ಕಡತಗಳನ್ನು ಕದ್ದಿಟ್ಟುಕೊಂಡು, ಹಣ ಕೊಡದಿದ್ದರೆ ಬಯಲು ಮಾಡುವ ಬೆದರಿಕೆ. ದಾಳಿಕೋರರು ಗೂಢಲಿಪಿಗೂ ಮುನ್ನ ಹುಡುಕುವುದು ಬ್ಯಾಕಪ್ಪನ್ನು. ಅದೇ ಜಾಲದಲ್ಲಿ ಸದಾ ಜೋಡಿಸಿಟ್ಟ ಹಾರ್ಡ್ ಡಿಸ್ಕ್ ಉಳಿದ ಕಡತಗಳ ಜೊತೆಗೇ ಹೋಗುತ್ತದೆ.

ಇಂಗ್ಲೆಂಡಿನ ನಾರ್ತ್ಯಾಂಪ್ಟನ್‌ಶೈರಿನ ಕೆಎನ್‌ಪಿ ಸಾಗಣೆ ಸಮೂಹದ ಕಥೆಯನ್ನು ಪ್ರತಿಯೊಬ್ಬ ಮಧ್ಯಮ ಉದ್ಯಮಿಯೂ ತಿಳಿದಿರಬೇಕು. ಅದರ ‘ನೈಟ್ಸ್ ಆಫ್ ಓಲ್ಡ್’ ಶಾಖೆ 1865ರಲ್ಲಿ ಆರಂಭವಾದದ್ದು. ಸಮೂಹಕ್ಕೆ ಸುಮಾರು 500 ಲಾರಿಗಳಿದ್ದವು, ಸೈಬರ್ ವಿಮೆಯೂ ಇತ್ತು. 2023ರಲ್ಲಿ ‘ಅಕೀರಾ’ ಎಂಬ ಸುಲಿಗೆಕೋರರ ಗುಂಪು ಒಳನುಗ್ಗಿತು. ಸಿಬ್ಬಂದಿಯೊಬ್ಬರ ದುರ್ಬಲ ಪಾಸ್‌ವರ್ಡನ್ನು ಊಹಿಸಿ ಹೊಕ್ಕಿರಬೇಕೆಂದು ಕಂಪನಿ ನಂಬಿದೆ. ಲಾರಿಗಳಿಗೆ ಏನೂ ಆಗಿರಲಿಲ್ಲ, ಚಾಲಕರು ಇದ್ದರು, ಸಾಗಿಸಲು ಸರಕೂ ಇತ್ತು. ಆದರೆ ಹಣಕಾಸಿನ ದಾಖಲೆಗಳಿಗೆ ಪೆಟ್ಟು ಬಿದ್ದಿದ್ದರಿಂದ ಸಾಲ ಕೊಡುವವರಿಗೆ ತೋರಿಸಲು ಲೆಕ್ಕ ಸಿಗಲಿಲ್ಲ, ಹೊಸ ಬಂಡವಾಳ ಹುಟ್ಟಲಿಲ್ಲ. ಆ ವರ್ಷದ ಸೆಪ್ಟೆಂಬರಿನಲ್ಲಿ ಸಮೂಹ ದಿವಾಳಿಯ ದಾರಿ ಹಿಡಿಯಿತು. ಸುಮಾರು 700 ಜನ ಕೆಲಸ ಕಳೆದುಕೊಂಡರು. ಊಹಿಸಬಹುದಾದ ಒಂದು ಪಾಸ್‌ವರ್ಡಿಗೆ ಇಡೀ ಸಂಸ್ಥೆ ಬಲಿಯಾಗುವಂತಿದ್ದರೆ ಕೊರತೆ ಆ ಪಾಸ್‌ವರ್ಡಿನಲ್ಲಷ್ಟೇ ಇಲ್ಲ. ಫೋನಿಗೆ ಬರುವ ಕೋಡಿನಂಥ ಎರಡನೆಯ ಹಂತದ ದೃಢೀಕರಣ ಇದ್ದಿದ್ದರೆ ಆ ಊಹೆಯೊಂದೇ ಸಾಲುತ್ತಿರಲಿಲ್ಲ.

ಸೇವೆ ಕೊಡುವವರ ಮೂಲಕ

2017ರ ಜೂನ್ 27ರ ನಾಟ್‌ಪೆಟ್ಯಾ ದಾಳಿ ಹರಡಿದ್ದು ಉಕ್ರೇನಿನ ಕಂಪನಿಗಳು ತೆರಿಗೆ ಲೆಕ್ಕಕ್ಕೆ ಬಳಸುತ್ತಿದ್ದ ಒಂದು ತಂತ್ರಾಂಶದ ಅಪ್‌ಡೇಟ್ ಮೂಲಕ. ಅಲ್ಲಿಂದ ಅದು ಮೇರ್ಸ್ಕ್ ಹಡಗು ಕಂಪನಿಗೆ ತಗುಲಿ, ಮುಂಬೈ ಬಳಿಯ ಜವಾಹರಲಾಲ್ ನೆಹರೂ ಬಂದರಿನ ಒಂದು ಟರ್ಮಿನಲ್ಲಿನ ಕೆಲಸವನ್ನೂ ನಿಲ್ಲಿಸಿತು. 2024ರ ಜುಲೈ 31ರಂದು ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಸಂಸ್ಥೆಯ ವ್ಯವಸ್ಥೆಗೆ ಸುಲಿಗೆ ತಂತ್ರಾಂಶ ಹೊಕ್ಕಾಗ, ರಾಷ್ಟ್ರೀಯ ಪಾವತಿ ನಿಗಮ ಅದನ್ನು ಜಾಲದಿಂದ ಬೇರ್ಪಡಿಸಿತು. ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ ಮೊದಲಾದ ಸೇವೆ ನಿಂತಿತು. ಆ ಬ್ಯಾಂಕುಗಳ ತಪ್ಪು ಅದರಲ್ಲಿ ಇರಲಿಲ್ಲ. ಹೀಗಾಗಿ ಸೇವೆ ಕೊಡುವ ಹೊರಗಿನವರಿಗೆ ಕೊಟ್ಟ ಪ್ರವೇಶ ಎಷ್ಟು, ಎಲ್ಲಿಯವರೆಗೆ, ಯಾವಾಗ ಮುಚ್ಚಬೇಕು ಎಂಬುದು ಕರಾರಿನಲ್ಲೇ ಬರೆದಿರಬೇಕು.

ರಕ್ಷಣೆ

ಮಧ್ಯಮ ಉದ್ಯಮಕ್ಕೆ ದುಬಾರಿ ಉಪಕರಣಗಳಿಗಿಂತ ಮೊದಲು ಬೇಕಾದದ್ದು ಪಟ್ಟಿ: ಯಾವ ಕಂಪ್ಯೂಟರು, ಯಾವ ತಂತ್ರಾಂಶ, ಯಾರ ಲಾಗಿನ್, ಯಾವುದು ಇಂಟರ್ನೆಟ್ಟಿಗೆ ತೆರೆದಿದೆ. ಪಟ್ಟಿಯಲ್ಲಿಲ್ಲದ್ದನ್ನು ಯಾರೂ ಕಾಯಲಾರರು. ಆಮೇಲೆ ಇಮೇಲ್, ವಿಪಿಎನ್, ಅಡ್ಮಿನ್ ಖಾತೆಗಳಿಗೆ ಎರಡು ಹಂತದ ದೃಢೀಕರಣ; ರಿಮೋಟ್ ಡೆಸ್ಕ್‌ಟಾಪ್ ನೇರವಾಗಿ ಹೊರಗೆ ತೆರೆಯದಿರುವುದು; ರಾಜೀನಾಮೆ ಕೊಟ್ಟವರ ಲಾಗಿನ್ ಅವರ ಕೊನೆಯ ದಿನವೇ ಮುಚ್ಚುವುದು. ಕಾರ್ಖಾನೆಗಳಲ್ಲಿ ಸಿಎನ್‌ಸಿ ಯಂತ್ರಗಳ ಹಳೆಯ ವಿಂಡೋಸ್ ದೊಡ್ಡ ತಲೆನೋವು. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಮುಗಿಯಿತು. ಆದರೆ ಚೆನ್ನಾಗಿ ಓಡುತ್ತಿರುವ ಯಂತ್ರವನ್ನು ಅದಕ್ಕಾಗಿ ಬಿಸಾಡಲಾಗದು. ಅಂಥವನ್ನು ಆಫೀಸಿನ ಜಾಲದಿಂದ ಬೇರೆ ಮಾಡಿ, ಇಂಟರ್ನೆಟ್ ತಪ್ಪಿಸಿ, ಪೆನ್‌ಡ್ರೈವ್ ಬಳಕೆಗೆ ಕಡಿವಾಣ ಹಾಕುವುದು ಕಾರ್ಯಸಾಧ್ಯವಾದ ದಾರಿ.

ಬ್ಯಾಕಪ್ಪಿನ ಸಾಮಾನ್ಯ ಸೂತ್ರ ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಲ್ಲಿ ಅಥವಾ ಜಾಲದಿಂದ ಹೊರಗೆ. ಭಾರತದ ಕಂಪನಿ ಲೆಕ್ಕಪತ್ರ ನಿಯಮಗಳ 2022ರ ತಿದ್ದುಪಡಿಯಂತೆ, ಎಲೆಕ್ಟ್ರಾನಿಕ್ ಲೆಕ್ಕಪುಸ್ತಕಗಳ ಬ್ಯಾಕಪ್ಪನ್ನು ಭಾರತದಲ್ಲೇ ಇರುವ ಸರ್ವರಿನಲ್ಲಿ ಪ್ರತಿದಿನವೂ ಇಡಬೇಕು. ಬ್ಯಾಕಪ್ ತೆಗೆದದ್ದಕ್ಕೆ ಹಸಿರು ಗುರುತು ಬಂದ ಮಾತ್ರಕ್ಕೆ ನಂಬುವಂತಿಲ್ಲ. ಮೂರು ತಿಂಗಳಿಗೊಮ್ಮೆಯಾದರೂ ಖಾಲಿ ಕಂಪ್ಯೂಟರಿಗೆ ಅದನ್ನು ಮರಳಿ ಹಾಕಿ, ಕಳೆದ ತಿಂಗಳ ಲೆಡ್ಜರ್ ತೆರೆಯುತ್ತದೆಯೇ, ಎಷ್ಟು ಗಂಟೆ ಹಿಡಿಯಿತು ಎಂದು ನೋಡಿ ಬರೆದಿಡಬೇಕು.

ಕಾನೂನು ಮತ್ತು ಸಂಸ್ಥೆಗಳು

ಸೈಬರ್ ಘಟನೆಗಳ ರಾಷ್ಟ್ರೀಯ ಸಂಸ್ಥೆ ಸರ್ಟ್-ಇನ್ 2004ರಿಂದ ಕೆಲಸ ಮಾಡುತ್ತಿದೆ. ಅದರ 2022ರ ಏಪ್ರಿಲ್ 28ರ ನಿರ್ದೇಶನದಂತೆ ಸೂಚಿತ ಬಗೆಯ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗೆ ಹೊಂದಿಕೊಳ್ಳಲು 2022ರ ಸೆಪ್ಟೆಂಬರ್ 25ರವರೆಗೆ ಸಮಯ ಕೊಡಲಾಗಿತ್ತು, ವಿನಾಯಿತಿ ಕೊಟ್ಟಿರಲಿಲ್ಲ. 2025ರಲ್ಲಿ ಸರ್ಟ್-ಇನ್ ಈ ವಲಯಕ್ಕೆಂದೇ 15 ಮೂಲಭೂತ ರಕ್ಷಣಾ ಕ್ರಮಗಳ ಪಟ್ಟಿ ಹೊರತಂದಿತು. ಎಲ್ಲಿಂದ ಶುರುಮಾಡಬೇಕೆಂದು ತೋಚದವರಿಗೆ ಅದೇ ಒಳ್ಳೆಯ ಆರಂಭ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಡಿ, ತಕ್ಕ ಭದ್ರತೆ ಒದಗಿಸದೆ ವೈಯಕ್ತಿಕ ದತ್ತಾಂಶ ಸೋರಿಕೆಯಾದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಮುಖ್ಯ ಹೊಣೆಗಳಿಗೆ 18 ತಿಂಗಳ ಅವಧಿ ಕೊಡಲಾಗಿದೆ.

ಕರ್ನಾಟಕದಲ್ಲಿ ಬೆಂಗಳೂರಿನ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲೇ ಆರಂಭವಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯನ್ನು ಆಧಾರವಾಗಿಟ್ಟುಕೊಂಡು ನಡೆಯುವ ‘ಸೈಸೆಕ್’ ಕೇಂದ್ರ ತರಬೇತಿ ಮತ್ತು ಜಾಗೃತಿಯ ಕೆಲಸ ಮಾಡುತ್ತದೆ. ರಾಜ್ಯ ಸರ್ಕಾರ 2024ರಲ್ಲಿ ಸೈಬರ್ ಭದ್ರತಾ ನೀತಿಯನ್ನು ಪ್ರಕಟಿಸಿತು.

ದಾಳಿಯಾದ ಗಳಿಗೆಯಲ್ಲಿ

ಹಣ ಹೋಗಿದ್ದರೆ ಮೊದಲ ಕೆಲಸ ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಕರೆ ಮಾಡುವುದು ಮತ್ತು ತಮ್ಮ ಬ್ಯಾಂಕಿಗೆ ತಿಳಿಸುವುದು. ಹಣ ಖಾತೆಯಿಂದ ಖಾತೆಗೆ ಜಿಗಿಯುವ ಮೊದಲೇ ತಡೆಹಿಡಿಯಲು ಸಾಧ್ಯವಾಗುವುದು ಆರಂಭದ ಗಂಟೆಗಳಲ್ಲಿ ಮಾತ್ರ. ಕಡತಗಳು ತೆರೆಯದಂತಾಗಿದ್ದರೆ ಆ ಕಂಪ್ಯೂಟರಿನ ಜಾಲದ ಕೇಬಲ್ ಕೀಳಬೇಕು, ವೈಫೈ ನಿಲ್ಲಿಸಬೇಕು. ಅವಸರದಲ್ಲಿ ಫಾರ್ಮ್ಯಾಟ್ ಮಾಡಿದರೆ ಸಾಕ್ಷ್ಯವೇ ಅಳಿಸಿಹೋಗುತ್ತದೆ. ಯಾರು ತೀರ್ಮಾನ ತೆಗೆದುಕೊಳ್ಳುತ್ತಾರೆ, ಯಾರು ಸರ್ಟ್-ಇನ್‌ಗೆ ಬರೆಯುತ್ತಾರೆ, ಗ್ರಾಹಕರಿಗೆ ಯಾರು ಹೇಳುತ್ತಾರೆ ಎಂಬುದು ಮೊದಲೇ ಗೊತ್ತಿರಬೇಕು. ಬ್ಯಾಂಕ್ ಮ್ಯಾನೇಜರ್, ವಿಮಾ ಕಂಪನಿ, ಏಜೆನ್ಸಿ, ಠಾಣೆಯ ಸಂಖ್ಯೆಗಳು ಕಾಗದದ ಮೇಲೆ ಮುದ್ರಣವಾಗಿರಬೇಕು, ಏಕೆಂದರೆ ಅಂದು ಕಂಪ್ಯೂಟರಿನಲ್ಲಿರುವ ಪಟ್ಟಿ ತೆರೆಯುವುದಿಲ್ಲ.