ಮೊಬೈಲ್ ಕಾರ್ಯಾಚರಣ ವ್ಯವಸ್ಥೆಯ ಖಾಸಗಿತನ ದೋಷ

ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬಳಕೆದಾರರು ‘ಬೇಡ’ ಎಂದು ಆರಿಸಿದ್ದರೂ ಅವರಿರುವ ಸ್ಥಳ, ಚಿತ್ರ, ಧ್ವನಿ ಅಥವಾ ಫೋನಿನ ಗುರುತು ಸಂಖ್ಯೆ ಬೇರೆಯವರ ಕೈಸೇರಲು ದಾರಿ ಮಾಡಿಕೊಡುವ, ಕಾರ್ಯಾಚರಣ ವ್ಯವಸ್ಥೆಯೊಳಗಿನ ಲೋಪ. ಆಂಡ್ರಾಯ್ಡ್ ಮತ್ತು ಐಒಎಸ್ ಎರಡರಲ್ಲೂ ಇಂಥ ಲೋಪಗಳು ಪತ್ತೆಯಾಗಿವೆ. ಅನುಮತಿ ಪಡೆದ ಆಪ್ ಮಾಹಿತಿಯನ್ನು ದುರ್ಬಳಕೆ ಮಾಡಿಕೊಳ್ಳುವುದು ಬೇರೆ, ಅನುಮತಿಯೇ ಇಲ್ಲದೆ ಮಾಹಿತಿ ಸೋರುವುದು ಬೇರೆ. ಮೊದಲನೆಯದರಲ್ಲಿ ಬಳಕೆದಾರರು ಎಚ್ಚರ ವಹಿಸಬಹುದಿತ್ತು. ಎರಡನೆಯದರಲ್ಲಿ ಅವರು ಎಚ್ಚರ ವಹಿಸಿದ್ದರು, ಫೋನು ಅವರ ಮಾತು ಉಳಿಸಿಕೊಳ್ಳಲಿಲ್ಲ. ಈ ಲೇಖನದ ವಿಷಯ ಎರಡನೆಯದು.

ಅನುಮತಿಯ ಏರ್ಪಾಡು

ಆಂಡ್ರಾಯ್ಡ್ ಪ್ರತಿಯೊಂದು ಆಪ್‌ಗೂ ಪ್ರತ್ಯೇಕ ಗುರುತು ಕೊಟ್ಟು, ಒಂದರ ಕಡತಗಳಿಗೆ ಇನ್ನೊಂದು ಕೈಹಾಕದಂತೆ ಗೋಡೆ ಕಟ್ಟುತ್ತದೆ. ಕ್ಯಾಮೆರಾ, ಮೈಕ್, ಲೊಕೇಶನ್ ಬೇಕಾದ ಆಪ್ ವ್ಯವಸ್ಥೆಯನ್ನು ಕೇಳಬೇಕು, ವ್ಯವಸ್ಥೆ ಬಳಕೆದಾರರನ್ನು ಕೇಳುತ್ತದೆ. 2015ರಲ್ಲಿ ಬಂದ ಆಂಡ್ರಾಯ್ಡ್ 6ಕ್ಕೆ ಮುಂಚೆ, ಆಪ್ ಹಾಕಿಕೊಳ್ಳುವಾಗಲೇ ಅದು ಕೇಳಿದ ಎಲ್ಲ ಅನುಮತಿಗಳನ್ನೂ ಒಟ್ಟಿಗೆ ಕೊಡಬೇಕಿತ್ತು. ಇಲ್ಲವಾದರೆ ಆಪ್ ಆಸೆ ಬಿಡಬೇಕಿತ್ತು. ಬಳಸುವ ಹೊತ್ತಿನಲ್ಲಿ ಒಂದೊಂದನ್ನೇ ಕೇಳುವ, ಕೊಟ್ಟದ್ದನ್ನು ಹಿಂದಕ್ಕೆ ಪಡೆಯಬಹುದಾದ ಪದ್ಧತಿ ಆಂಡ್ರಾಯ್ಡ್‌ನಲ್ಲಿ ಆಮೇಲೆ ಬಂದದ್ದು. ಐಫೋನಿನಲ್ಲಿ ಈ ಕಾವಲನ್ನು ‘ಟಿಸಿಸಿ’ ಎಂಬ ಭಾಗ ನೋಡಿಕೊಳ್ಳುತ್ತದೆ.

ದೋಷ ಹುಟ್ಟುವ ಬಗೆ

ಭತ್ತದ ಗದ್ದೆಯಲ್ಲಿ ತೂಬು ಮುಚ್ಚಿದ್ದರೂ ಬದುವಿನಲ್ಲಿ ಏಡಿ ಕೊರೆದ ಬಿಲದಿಂದ ನೀರು ಪಕ್ಕದ ಮಡಿಗೆ ಇಳಿಯುತ್ತದೆ. ಹಾಗೆಯೇ ಅನುಮತಿಯ ಬಾಗಿಲು ಭದ್ರವಾಗಿದ್ದೂ ಅದೇ ಮಾಹಿತಿ ಇನ್ನೊಂದು ಕಡೆಯಿಂದ ಸಿಗುವುದು ಮೊದಲ ಬಗೆ, ಇದನ್ನು ‘ಪಕ್ಕದಾರಿ’ ಎನ್ನಬಹುದು. ಅನುಮತಿ ಇರುವ ಆಪ್ ಒಂದನ್ನು ಅನುಮತಿ ಇಲ್ಲದ ಆಪ್ ತನ್ನ ಕೆಲಸಕ್ಕೆ ಹಚ್ಚುವುದು ಎರಡನೆಯ ಬಗೆ. ಮೂರನೆಯದರಲ್ಲಿ ಬಳಕೆದಾರರ ಆಯ್ಕೆಯನ್ನು ಕಾರ್ಯಾಚರಣ ವ್ಯವಸ್ಥೆಯೇ ಪಾಲಿಸುವುದಿಲ್ಲ. ನಾಲ್ಕನೆಯದು ಎಲ್ಲಕ್ಕಿಂತ ಘೋರ: ಕೋಡಿನ ತಪ್ಪೊಂದನ್ನು ಹಿಡಿದು ಹೊರಗಿನವರು ಫೋನನ್ನೇ ವಶಕ್ಕೆ ತೆಗೆದುಕೊಳ್ಳುತ್ತಾರೆ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಏನಿದೆ ಎಂಬುದಕ್ಕೆ ಅರ್ಥವೇ ಉಳಿಯುವುದಿಲ್ಲ.

ಮುಖ್ಯ ಪ್ರಕರಣಗಳು

ಲೊಕೇಶನ್ ಆಫ್ ಮಾಡಿ, ಸಿಮ್ ತೆಗೆದಿಟ್ಟರೂ ಆಂಡ್ರಾಯ್ಡ್ ಫೋನುಗಳು ಇಂಟರ್ನೆಟ್ ಸಿಕ್ಕ ಕೂಡಲೇ ಹತ್ತಿರದ ಮೊಬೈಲ್ ಟವರುಗಳ ಗುರುತನ್ನು ಗೂಗಲ್‌ಗೆ ಕಳಿಸುತ್ತಿದ್ದವೆಂದು 2017ರ ನವೆಂಬರ್‌ನಲ್ಲಿ ‘ಕ್ವಾರ್ಟ್ಜ್’ ಪತ್ರಿಕೆ ವರದಿ ಮಾಡಿತು. ಸಂದೇಶಗಳು ಬೇಗ ತಲುಪುವಂತೆ ಮಾಡಲು ಇದನ್ನು ಪ್ರಯತ್ನಿಸಿದ್ದಾಗಿಯೂ ಮಾಹಿತಿಯನ್ನು ಕೂಡಿಡಲಿಲ್ಲವೆಂದೂ ಹೇಳಿದ ಗೂಗಲ್, ಆ ಪದ್ಧತಿಯನ್ನು ನಿಲ್ಲಿಸಿತು.

2019ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿರುವ ಅಂತರರಾಷ್ಟ್ರೀಯ ಕಂಪ್ಯೂಟರ್ ವಿಜ್ಞಾನ ಸಂಸ್ಥೆಯ ಸಂಶೋಧಕರು 88,000ಕ್ಕೂ ಹೆಚ್ಚು ಆಂಡ್ರಾಯ್ಡ್ ಆಪ್‌ಗಳನ್ನು ಪರಿಶೀಲಿಸಿದರು. ಅವುಗಳಲ್ಲಿ 1,325 ಆಪ್‌ಗಳು ಅನುಮತಿಯ ಬೇಲಿ ದಾಟಬಲ್ಲವಾಗಿದ್ದವು. ಕೆಲವು ಆಪ್‌ಗಳು ಫೋನಿನ ಐಎಂಇಐ ಸಂಖ್ಯೆಯನ್ನು ಮೆಮೊರಿ ಕಾರ್ಡಿನಲ್ಲಿ ಬರೆದಿಟ್ಟು, ಅನುಮತಿ ಸಿಗದ ಆಪ್‌ಗಳೂ ಅದನ್ನು ಓದಿಕೊಳ್ಳುವಂತೆ ಮಾಡಿದ್ದವು. ಶಟರ್‌ಫ್ಲೈ ಎಂಬ ಫೋಟೊ ಆಪ್ ಲೊಕೇಶನ್ ಅನುಮತಿ ಇಲ್ಲದೆ, ಚಿತ್ರಗಳ ಒಳಗೆ ದಾಖಲಾಗಿದ್ದ ಅಕ್ಷಾಂಶ ರೇಖಾಂಶಗಳನ್ನು ಓದಿ ಕಳಿಸುತ್ತಿತ್ತೆಂದು ಸಂಶೋಧಕರು ತೋರಿಸಿದರು. ಅನುಮತಿ ಪಡೆದೇ ಸಂಗ್ರಹಿಸುತ್ತೇವೆ ಎಂಬುದು ಕಂಪನಿಯ ಉತ್ತರವಾಗಿತ್ತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಂದ ಆಂಡ್ರಾಯ್ಡ್ 10, ಐಎಂಇಐಯನ್ನು ಸಾಮಾನ್ಯ ಆಪ್‌ಗಳಿಂದ ಮರೆಮಾಡಿ, ಚಿತ್ರದೊಳಗಿನ ಸ್ಥಳ ಓದಲು ಬೇರೆಯದೇ ಅನುಮತಿ ಬೇಕೆಂದು ಮಾಡಿತು.

2019ರ ನವೆಂಬರ್‌ನಲ್ಲಿ ಚೆಕ್‌ಮಾರ್ಕ್ಸ್ ಸಂಸ್ಥೆ ಬಹಿರಂಗಪಡಿಸಿದ ದೋಷ ಎರಡನೆಯ ಬಗೆಗೆ ಸೇರಿದ್ದು. ಕೇವಲ ಸ್ಟೋರೇಜ್ ಅನುಮತಿ ಇದ್ದ ಆಪ್, ಗೂಗಲ್ ಮತ್ತು ಸ್ಯಾಮ್‌ಸಂಗ್ ಫೋನುಗಳ ಕ್ಯಾಮೆರಾ ಆಪ್‌ನಿಂದ ಫೋಟೊ, ವಿಡಿಯೊ ತೆಗೆಸಬಹುದಿತ್ತು. ಫೋನು ಲಾಕ್ ಆಗಿದ್ದರೂ ಅದು ಸಾಧ್ಯವಿತ್ತು. ಖಾಸಗಿತನದ ದೋಷಗಳಿಗೆ ಐಫೋನೂ ಹೊರತಲ್ಲ. ವೈಫೈ ಜಾಲಗಳಿಂದ ಫೋನಿನ ನಿಜವಾದ ವಿಳಾಸ ಮುಚ್ಚಿಡುವ ಸೌಲಭ್ಯ 2020ರ ಐಒಎಸ್ 14ರಲ್ಲಿ ಬಂದಿತ್ತು. ಆದರೆ ಅದೇ ಫೋನು ಬೇರೊಂದು ಸಂದೇಶದಲ್ಲಿ ನಿಜವಾದ ವಿಳಾಸವನ್ನು ಜಾಲಕ್ಕೆಲ್ಲ ಸಾರುತ್ತಿತ್ತು. 2023ರ ಅಕ್ಟೋಬರ್‌ನ ಐಒಎಸ್ 17.1 ಬರುವವರೆಗೆ, ಮೂರು ವರ್ಷ ಆ ಗುಂಡಿ ಹೆಸರಿಗಷ್ಟೇ ಇತ್ತು.

ಭಾರತ ಮತ್ತು ಕರ್ನಾಟಕ

2018ರ ಆಗಸ್ಟ್‌ನಲ್ಲಿ ದೇಶದ ಅಸಂಖ್ಯ ಜನ ತಮ್ಮ ಫೋನಿನ ಸಂಪರ್ಕ ಪಟ್ಟಿಯಲ್ಲಿ, ತಾವು ಸೇರಿಸದ ಆಧಾರ್ ಸಹಾಯವಾಣಿ ಸಂಖ್ಯೆಯನ್ನು ಕಂಡು ಗಾಬರಿಯಾದರು. ತಾನು ಯಾರಿಗೂ ಹಾಗೆ ಸೂಚಿಸಿಲ್ಲ, ಆ ಸಂಖ್ಯೆ ಹಳೆಯದು ಎಂದು ಆಧಾರ್ ಪ್ರಾಧಿಕಾರ ಹೇಳಿತು. 2014ರಲ್ಲಿ ಭಾರತದ ಫೋನ್ ತಯಾರಕರಿಗೆ ಕೊಟ್ಟ ಆಂಡ್ರಾಯ್ಡ್‌ನ ಆರಂಭಿಕ ಸೆಟಪ್‌ನಲ್ಲಿ ಆ ಸಂಖ್ಯೆ ಕಣ್ತಪ್ಪಿನಿಂದ ಸೇರಿಹೋಗಿತ್ತೆಂದು ಗೂಗಲ್ ಒಪ್ಪಿಕೊಂಡಿತು. ಯಾರ ಮಾಹಿತಿಯೂ ಇದರಿಂದ ಕಳವಾಗಲಿಲ್ಲ. ಆದರೆ ಜೇಬಿನಲ್ಲಿರುವ ಫೋನಿನ ಮೇಲೆ ತಮಗಿರುವ ಅಧಿಕಾರ ಎಷ್ಟು ಎಂಬ ಪ್ರಶ್ನೆ ಅಂದು ಜನಸಾಮಾನ್ಯರ ಬಾಯಿಗೆ ಬಂತು.

ನಾಲ್ಕನೆಯ ಬಗೆಯ ದೋಷದ ನೆರಳು ಕರ್ನಾಟಕದ ರಾಜಕೀಯದ ಮೇಲೂ ಬಿದ್ದಿತು. ಇಸ್ರೇಲಿನ ಎನ್‌ಎಸ್‌ಒ ಸಂಸ್ಥೆಯ ‘ಪೆಗಾಸಸ್’ ಗೂಢಚಾರಿ ತಂತ್ರಾಂಶದ ಗುರಿಯಾಗಿದ್ದಿರಬಹುದಾದ ಸಂಖ್ಯೆಗಳ ಪಟ್ಟಿಯೊಂದರ ವಿವರಗಳನ್ನು 2021ರ ಜುಲೈನಲ್ಲಿ ಹಲವು ದೇಶಗಳ ಪತ್ರಕರ್ತರು ಒಟ್ಟಾಗಿ ಪ್ರಕಟಿಸಿದರು. 2019ರ ಜುಲೈನಲ್ಲಿ ರಾಜ್ಯದ ಸಮ್ಮಿಶ್ರ ಸರ್ಕಾರ ಉರುಳಿದ ಸಮಯದಲ್ಲಿ ಉಪಮುಖ್ಯಮಂತ್ರಿಯಾಗಿದ್ದ ಜಿ. ಪರಮೇಶ್ವರ ಅವರ ಸಂಖ್ಯೆ, ಎಚ್.ಡಿ. ಕುಮಾರಸ್ವಾಮಿ ಹಾಗೂ ಸಿದ್ದರಾಮಯ್ಯ ಅವರ ಆಪ್ತ ಕಾರ್ಯದರ್ಶಿಗಳ ಸಂಖ್ಯೆಗಳು ಅದರಲ್ಲಿದ್ದವೆಂದು ‘ದಿ ವೈರ್’ ವರದಿ ಮಾಡಿತು. ಪಟ್ಟಿಯಲ್ಲಿ ಇದ್ದ ಮಾತ್ರಕ್ಕೆ ಫೋನಿಗೆ ಕನ್ನ ಬಿದ್ದಿತ್ತೆಂದು ಹೇಳಲಾಗದು. ಕಾನೂನುಬಾಹಿರ ಕಣ್ಗಾವಲು ನಡೆದಿಲ್ಲವೆಂದು ಕೇಂದ್ರ ಸರ್ಕಾರ ಹೇಳಿತು. ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಮೇಲ್ವಿಚಾರಣೆಯಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ ಸಮಿತಿ ಪರೀಕ್ಷಿಸಿದ 29 ಫೋನುಗಳ ಪೈಕಿ 5ರಲ್ಲಿ ಕುತಂತ್ರಾಂಶ ಸಿಕ್ಕಿತು, ಅದು ಪೆಗಾಸಸ್ಸೇ ಎನ್ನಲು ಖಚಿತ ಪುರಾವೆ ಸಿಗಲಿಲ್ಲ. ಪೆಗಾಸಸ್ ಬಳಸುತ್ತಿದ್ದ ಐಮೆಸೇಜ್ ದೋಷವೊಂದನ್ನು ಕೆನಡಾದ ಸಿಟಿಜನ್ ಲ್ಯಾಬ್ ಪತ್ತೆಮಾಡಿತು. ಅದಕ್ಕೆ ಬಳಕೆದಾರರು ಯಾವ ಲಿಂಕನ್ನೂ ಒತ್ತಬೇಕಿರಲಿಲ್ಲ. ಸಂದೇಶ ಬಂದು ಬಿದ್ದರೆ ಸಾಕಿತ್ತು. ಆಪಲ್ 2021ರ ಸೆಪ್ಟೆಂಬರ್ 13ರಂದು ಐಒಎಸ್ 14.8ರಲ್ಲಿ ಅದನ್ನು ಸರಿಪಡಿಸಿತು.

ಹಳ್ಳಿಯ ಫೋನು

ಸಿಂಧನೂರು ತಾಲ್ಲೂಕಿನ ದಢೇಸುಗೂರು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆಯ ಊರು. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಇಲ್ಲಿದೆ. ಈ ಸೀಮೆಯಲ್ಲಿ ಫೋನು ಕೃಷಿಯ ಸಲಕರಣೆಯೇ ಆಗಿದೆ. 2020ರ ಮುಂಗಾರಿನಿಂದ ರೈತರೇ ಬೆಳೆ ಸಮೀಕ್ಷೆ ಆಪ್‌ನಲ್ಲಿ ತಮ್ಮ ಸರ್ವೆ ನಂಬರಿನ ಹೊಲದಲ್ಲಿ ನಿಂತು ಬೆಳೆಯ ಚಿತ್ರ ತೆಗೆದು ದಾಖಲಿಸಲು ಅವಕಾಶವಿದೆ. ಬೆಳೆ ವಿಮೆ, ಬೆಂಬಲ ಬೆಲೆ, ಬೆಳೆ ಪರಿಹಾರಗಳಿಗೆ ಆ ದಾಖಲೆ ಆಧಾರ. ಹೊಲದಲ್ಲೇ ನಿಂತಿದ್ದಾರೆಂದು ಗೊತ್ತಾಗಲು ಆಪ್‌ಗೆ ಲೊಕೇಶನ್ ಬೇಕು, ಚಿತ್ರಕ್ಕೆ ಕ್ಯಾಮೆರಾ ಬೇಕು. ಈ ಅನುಮತಿ ನ್ಯಾಯವಾದದ್ದು, ರೈತರು ತಿಳಿದೇ ಕೊಡುವಂಥದ್ದು.

ಅದೇ ರೈತ ಇನ್ನೊಂದು ದಿನ ಸೋನಾಮಸೂರಿ ಬುಡದಲ್ಲಿ ಕಂದು ಜಿಗಿಹುಳು ಕಂಡು, ಬಗ್ಗಿ ದಂಟನ್ನು ಬಿಡಿಸಿ ಹಿಡಿದು, ವಿಜ್ಞಾನಿಗಳಿಗೆ ತೋರಿಸಲೆಂದು ಫೋಟೊ ತೆಗೆಯುತ್ತಾನೆ. ಕ್ಯಾಮೆರಾದಲ್ಲಿ ಸ್ಥಳ ದಾಖಲಿಸುವ ಆಯ್ಕೆ ಆನ್ ಇದ್ದರೆ, ಹೊಲದ ಅಕ್ಷಾಂಶ ರೇಖಾಂಶ, ತಾರೀಖು, ಗಂಟೆ ಎಲ್ಲವೂ ಚಿತ್ರದ ಕಡತದೊಳಗೆ ಕೂರುತ್ತವೆ. ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೊ ಆಗಿ ಕಳಿಸಿದರೆ ಸ್ಥಳದ ವಿವರ ಕಳಚಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ. ಲೊಕೇಶನ್ ನಿರಾಕರಿಸಿ ಬರೀ ಗ್ಯಾಲರಿ ಅನುಮತಿ ಕೊಟ್ಟ ಯಾವುದೋ ಆಪ್ ಹಳೆಯ ಫೋನಿನಲ್ಲಿ ಆ ಚಿತ್ರ ತೆರೆದರೆ, 2019ರಲ್ಲಿ ಸಂಶೋಧಕರು ತೋರಿಸಿದ ಪಕ್ಕದಾರಿ ಅಲ್ಲೇ ಸಿದ್ಧವಾಗಿರುತ್ತದೆ.

ಹಳೆಯ ಫೋನು ಎಂಬ ಮಾತೇ ಇಲ್ಲಿ ಮುಖ್ಯ. ಗೂಗಲ್ 2015ರ ಆಗಸ್ಟ್‌ನಿಂದ ಪ್ರತಿ ತಿಂಗಳೂ ಆಂಡ್ರಾಯ್ಡ್‌ನ ಭದ್ರತಾ ಪ್ರಕಟಣೆ ಹೊರಡಿಸುತ್ತಿದೆ. ಆದರೆ ದುರಸ್ತಿ ಫೋನಿಗೆ ತಲುಪಬೇಕಾದರೆ ಚಿಪ್ ತಯಾರಕರನ್ನೂ ಫೋನ್ ಕಂಪನಿಯನ್ನೂ ದಾಟಿ ಬರಬೇಕು. ಕಡಿಮೆ ಬೆಲೆಯ ಫೋನಿಗೆ ಕೆಲವೇ ವರ್ಷಗಳಲ್ಲಿ ಅಪ್‌ಡೇಟ್ ನಿಂತುಹೋಗುತ್ತದೆ. ಅಣ್ಣನಿಂದ ತಮ್ಮನಿಗೆ, ಮಗನಿಂದ ತಾಯಿಗೆ ಕೈಬದಲಾಗುತ್ತ ಆ ಫೋನು ಮಾತ್ರ ನಡೆಯುತ್ತಲೇ ಇರುತ್ತದೆ. ಕಾಲುವೆಯ ಮೇಲ್ಭಾಗದಲ್ಲಿ ನೀರು ತುಂಬಿ ಹರಿದರೂ ಕೊನೆಯಂಚಿನ ರೈತನಿಗೆ ಮುಟ್ಟದ ಕಷ್ಟ ಈ ಸೀಮೆಗೆ ಗೊತ್ತಿರುವುದೇ. ದುರಸ್ತಿಯೂ ಹಾಗೆಯೇ ಕೊನೆಯಂಚಿಗೆ ಮುಟ್ಟದೆ ಉಳಿಯುತ್ತದೆ.

ಕಾನೂನು

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ಪ್ರಶ್ನಿಸಿ 2012ರಲ್ಲಿ ಸಲ್ಲಿಸಿದ ಅರ್ಜಿಯಿಂದ ಹೊರಟ ಪ್ರಕರಣದಲ್ಲಿ, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಮಾಹಿತಿ ಬಳಸಲು ಸಮ್ಮತಿ ಮುಕ್ತವೂ ಸ್ಪಷ್ಟವೂ ಆಗಿರಬೇಕೆನ್ನುತ್ತದೆ. ಸೂಕ್ತ ಭದ್ರತೆ ಇಡದೆ ಸೋರಿಕೆಗೆ ಎಡೆಮಾಡಿದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಆ ಕಾಯ್ದೆಯಲ್ಲಿ ಅವಕಾಶವಿದೆ. ಹೊಸ ದೋಷಗಳ ಬಗ್ಗೆ ಕೇಂದ್ರದ ಸರ್ಟ್-ಇನ್ ಸಂಸ್ಥೆ ಎಚ್ಚರಿಕೆ ಪ್ರಕಟಿಸುತ್ತದೆ.

ಬಳಕೆದಾರರು ಮಾಡಬಹುದಾದದ್ದು

ಸೆಟ್ಟಿಂಗ್ಸ್‌ನ ‘ಅಬೌಟ್ ಫೋನ್’ ಭಾಗದಲ್ಲಿ ಭದ್ರತಾ ಅಪ್‌ಡೇಟ್‌ನ ತಾರೀಖು ಇರುತ್ತದೆ. ಫೋನು ಎಷ್ಟು ಹಿಂದೆ ಬಿದ್ದಿದೆ ಎಂದು ಅದು ಹೇಳುತ್ತದೆ. ಆಂಡ್ರಾಯ್ಡ್ 12ರಿಂದೀಚೆಗೆ ಕ್ಯಾಮೆರಾ ಅಥವಾ ಮೈಕ್ ಬಳಕೆಯಾಗುವಾಗ ಪರದೆಯ ಮೂಲೆಯಲ್ಲಿ ಹಸಿರು ಗುರುತು ಕಾಣುತ್ತದೆ. ಬಳಸದ ಆಪ್‌ಗಳನ್ನು ತೆಗೆಯುವುದು, ವಾಟ್ಸಾಪ್‌ನಲ್ಲಿ ಬಂದ ಎಪಿಕೆ ಕಡತಗಳನ್ನು ಹಾಕಿಕೊಳ್ಳದಿರುವುದು, ಕ್ಯಾಮೆರಾದ ಸ್ಥಳ ದಾಖಲೆಯನ್ನು ಅಗತ್ಯವಿದ್ದಾಗ ಮಾತ್ರ ಆನ್ ಮಾಡುವುದು ಒಳ್ಳೆಯ ರೂಢಿಗಳು. ಇಷ್ಟರಿಂದ ಅಪಾಯ ಕಡಿಮೆಯಾಗುತ್ತದೆ, ದೋಷ ಹೋಗುವುದಿಲ್ಲ. ಬದುವಿನ ಬಿಲ ಮುಚ್ಚಬೇಕಾದವರು ಫೋನು ಮತ್ತು ತಂತ್ರಾಂಶ ಮಾಡಿ ಮಾರಿದವರು. ಫೋನು ಎಷ್ಟು ವರ್ಷ ಬಳಕೆಯಲ್ಲಿರುತ್ತದೋ ಅಷ್ಟೂ ವರ್ಷ ದುರಸ್ತಿ ಒದಗಿಸಿದಾಗಲೇ, ದಢೇಸುಗೂರಿನ ಗದ್ದೆಯಲ್ಲಿ ನಿಂತು ‘ಬೇಡ’ ಎಂದು ಒತ್ತಿದವರ ಮಾತೂ ನಡೆಯುತ್ತದೆ.